ಬಿಸಿಲಿಗೆ ಮುನಿಯುವ ಡಬ್ಬಿ

ರಾಮನವಮಿ ಆರ್ಕೆಸ್ಟ್ರಾಕ್ಕೆ ತುಮಕೂರಿನ ನಮ್ಮ ಬಡಾವಣೆಯಲ್ಲಿ ಮಧ್ಯಾಹ್ನ ಮೂರಕ್ಕೇ ಸೌಂಡ್ ಚೆಕ್ ಇಟ್ಟುಕೊಂಡಿದ್ದರು. ತಗಡಿನ ಶೀಟಿನ ಕೆಳಗೆ ಸ್ಟೇಜು, ಗಾಳಿಯ ಸುಳಿವಿಲ್ಲ. ಗಿಟಾರಿನ ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಡಬ್ಬಿ, ನನ್ನ ಹೊಸ ಫಝ್ ಪೆಡಲ್ ಅವತ್ತು ಮೊದಲ ಸಲ ಮನೆಯಿಂದ ಹೊರಗೆ ಬಂದಿತ್ತು. ಹದಿನೆಂಟು ಸಾವಿರ ಕೊಟ್ಟು ತಂದ ಮಾಲು. 1966ರ ಮಾದರಿಯನ್ನೇ ಮತ್ತೆ ತಯಾರಿಸಿದ್ದು, ಒಳಗೆ ಜರ್ಮೇನಿಯಂ ಟ್ರಾನ್ಸಿಸ್ಟರ್. ರಾತ್ರಿ ಮನೆಯಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತೆ ಮೊರೆದಿದ್ದ ಅದು ಸ್ಟೇಜಿನ ಮೇಲೆ ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡವರ ಹಾಗೆ ತೊದಲತೊಡಗಿತು. ಸ್ವರ ಹುಟ್ಟುತ್ತದೆ, ಅರ್ಧಕ್ಕೇ ಸಾಯುತ್ತದೆ. ಕೇಬಲ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಉಹುಂ.

ಸೌಂಡ್ ಸಿಸ್ಟಮ್ ಬಾಡಿಗೆಗೆ ತಂದಿದ್ದ ಹಿರಿಯರು ಒಂದು ಕಾಲಕ್ಕೆ ರೇಡಿಯೋ ರಿಪೇರಿಯವರು. ಬಗ್ಗಿ ಡಬ್ಬಿ ಮುಟ್ಟಿ ನೋಡಿ, "ಒಳಗೆ ಎಸಿ ನೂರಿಪ್ಪತ್ತೆಂಟು ಏನಪ್ಪ?" ಅಂದರು. ಅದು ಆ ಟ್ರಾನ್ಸಿಸ್ಟರಿನ ನಂಬರು. ಹೌದೆಂದೆ. "ಹಂಗಾದ್ರೆ ಅದಕ್ಕೆ ಸೆಕೆ ಕಣಪ್ಪ" ಎಂದವರೇ ಪಾನಕಕ್ಕೆ ತಂದಿದ್ದ ಐಸಿನಲ್ಲಿ ಒಂದು ತುಂಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪೆಡಲಿನ ಮೇಲಿಟ್ಟರು. ಹತ್ತು ನಿಮಿಷಕ್ಕೆ ದನಿ ಮರಳಿತು.

ಈ ಸೆಕೆಯ ಕಥೆ ಶುರುವಾಗುವುದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಕೆಟ್ಟುಹೋದ ಒಂದು ಉಪಕರಣದಿಂದ. ಮಾರ್ಟಿ ರಾಬಿನ್ಸ್ ಹಾಡಿದ, 1961ರಲ್ಲಿ ಹೊರಬಂದ ಹಾಡೊಂದರ ರೆಕಾರ್ಡಿಂಗ್ ನಡೆಯುತ್ತಿದ್ದಾಗ ಗ್ರೇಡಿ ಮಾರ್ಟಿನ್ ಅವರ ಬಾಸ್ ಗಿಟಾರ್ ಹೋಗುತ್ತಿದ್ದ ಚಾನೆಲ್ ಕೆಟ್ಟಿತು. ತಂತಿಯ ಸ್ವರ ಕರ್ರ್ ಎನ್ನುವ ಒರಟು ಸದ್ದಾಯಿತು. ಅದನ್ನು ತಿದ್ದದೆ ಹಾಗೇ ಬಿಟ್ಟರು, ಹಾಡು ಗೆದ್ದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ಸದ್ದನ್ನು ಬೇಕೆಂದಾಗ ಹುಟ್ಟಿಸುವ ಸರ್ಕ್ಯೂಟನ್ನು ಜೊತೆಗಾರರೊಬ್ಬರೊಂದಿಗೆ ಕಟ್ಟಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮೇಸ್ಟ್ರೋ ಫಝ್-ಟೋನ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಿಟ್ಟಿತು: ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, ಒಂದೂವರೆ ವೋಲ್ಟಿನ ಎರಡು ಸೆಲ್ಲು.

ಮೊದಲ ವರ್ಷ ಐದು ಸಾವಿರಕ್ಕೂ ಹೆಚ್ಚು ಡಬ್ಬಿ ಅಂಗಡಿಗಳಿಗೆ ಹೋದವು, ಅಲ್ಲೇ ಧೂಳು ಹಿಡಿದವು. ಮುಂದಿನ ಎರಡು ವರ್ಷ ಕೇಳುವವರೇ ಇಲ್ಲ. ದೆಸೆ ತಿರುಗಿದ್ದು 1965ರಲ್ಲಿ, ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್ಫ್ಯಾಕ್ಷನ್’ ಬಂದ ಮೇಲೆ. ತಮಾಷೆಯೆಂದರೆ ತಂಡದ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಆ ಜಾಗದಲ್ಲಿ ತುತ್ತೂರಿಗಳನ್ನು ಬಯಸಿದ್ದರು. ತುತ್ತೂರಿ ಹೇಗೆ ಬರಬೇಕೆಂದು ತೋರಿಸಲು ಫಝ್ ಹಾಕಿ ನುಡಿಸಿದ್ದಷ್ಟೇ, ಕೊನೆಗೆ ಅದೇ ಉಳಿಯಿತು. ಅಂಗಡಿಯಲ್ಲಿದ್ದ ಹಳೇ ಮಾಲೂ ಖಾಲಿಯಾಯಿತು.

ಅದೇ ವರ್ಷ ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ ಟೋನ್ ಬೆಂಡರ್ ಎಂಬ ಫಝ್ ಪೆಡಲ್ ಮಾಡಿದರು. ಮರುವರ್ಷ ಆರ್ಬಿಟರ್ ಕಂಪನಿಯ ಫಝ್ ಫೇಸ್ ಬಂತು, ಮೈಕ್ ಸ್ಟ್ಯಾಂಡಿನ ಬುಡದಂಥ ದುಂಡು ಡಬ್ಬಿ. ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿದ್ದದ್ದು ಇದೇ, ನನ್ನದೂ ಇದರ ಮರುತಯಾರಿಯೇ. ಬಿಚ್ಚಿ ನೋಡಿದರೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ತಿರುಗಿಸುವ ಎರಡು ಕಂಟ್ರೋಲ್. ಒಟ್ಟು ಹನ್ನೊಂದು ಸಾಮಾನು, ಮಿಕ್ಕಿದ್ದೆಲ್ಲ ಲೋಹ ಮತ್ತು ಗಾಳಿ. ಹದಿನೆಂಟು ಸಾವಿರದ ನೆನಪಾಗಿ ನನಗೆ ಹೊಟ್ಟೆ ಉರಿಯುವುದು ಈ ಲೆಕ್ಕ ಹಾಕಿದಾಗಲೇ.

ಆದರೆ ಕಸುಬು ಇರುವುದು ಆ ಎರಡು ಟ್ರಾನ್ಸಿಸ್ಟರಿನಲ್ಲಿ. ಜರ್ಮೇನಿಯಂ ಎಂಬ ಧಾತು ಸಿಗುವ ಮೊದಲೇ ಮೆಂಡಲೀಫ್ ಅದು ಇರಲೇಬೇಕೆಂದು ಹೇಳಿ, ನಮ್ಮ ಸಂಸ್ಕೃತದ ‘ಏಕ’ ಸೇರಿಸಿ ಏಕ-ಸಿಲಿಕಾನ್ ಎಂದು ಕರೆದಿದ್ದ. ಸಿಕ್ಕಿದ್ದು 1886ರಲ್ಲಿ. ಅದರಿಂದ ಮಾಡಿದ ಟ್ರಾನ್ಸಿಸ್ಟರ್ ಸೋರುವ ನಲ್ಲಿಯ ಹಾಗೆ. ಪೂರ್ತಿ ಮುಚ್ಚಿದರೂ ಒಂದಷ್ಟು ಕರೆಂಟು ತೊಟ್ಟಿಕ್ಕುತ್ತಲೇ ಇರುತ್ತದೆ, ಬಿಸಿ ಹತ್ತು ಡಿಗ್ರಿ ಏರಿದರೆ ಆ ಸೋರಿಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಫಝ್ ಫೇಸಿನಲ್ಲಿ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ ಒಂಬತ್ತು ವೋಲ್ಟಿನ ಬ್ಯಾಟರಿಯ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇದ್ದರೆ ಸದ್ದು ತುಂಬಿ ಬರುತ್ತದೆ. ಸೋರಿಕೆ ಏರಿತೋ, ಆ ಮಧ್ಯಬಿಂದು ಜಾರುತ್ತದೆ, ಸ್ವರ ಕತ್ತರಿಸಿಹೋಗುತ್ತದೆ. ಲಂಡನ್ನಿನ ಚಳಿಯಲ್ಲಿ ಹುಟ್ಟಿದ ಸರ್ಕ್ಯೂಟನ್ನು ತುಮಕೂರಿನ ಚೈತ್ರದಲ್ಲಿ ತಗಡಿನಡಿ ಕೂರಿಸಿದರೆ ಇನ್ನೇನಾಗಬೇಕು?

ಇದಕ್ಕೆ ಮದ್ದು ಪೆಡಲ್ ಮಾಡುವವರಿಗೂ ಬೇಗ ಸಿಕ್ಕಿತು. ದಶಕ ಮುಗಿಯುವಷ್ಟರಲ್ಲಿ ಫಝ್ ಫೇಸಿಗೆ ಬಿಸಿಗೆ ಬಗ್ಗದ ಸಿಲಿಕಾನ್ ಟ್ರಾನ್ಸಿಸ್ಟರ್ ಬಂತು. 1969ರಲ್ಲಿ ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ ನಾಲ್ಕು ಸಿಲಿಕಾನ್ ಹಾಕಿ ಬಿಗ್ ಮಫ್ ಎಂಬ ಪೆಡಲ್ ಮಾಡಿತು. ಸಿಲಿಕಾನ್ ದನಿ ಜೋರು, ಅಂಚು ಚೂಪು, ಕೆಲವೊಮ್ಮೆ ಪಕ್ಕದ ರೇಡಿಯೋ ಸ್ಟೇಷನ್ನನ್ನೂ ಹಿಡಿದು ತರುತ್ತಿತ್ತು. ಜರ್ಮೇನಿಯಮ್ಮಿನ ಒಂದು ಗುಣ ಮಾತ್ರ ಅದಕ್ಕೆ ಪೂರ್ತಿ ಒಲಿಯಲಿಲ್ಲ: ಗಿಟಾರಿನ ವಾಲ್ಯೂಮ್ ಕೊಂಚ ಇಳಿಸಿದರೆ ಒರಟು ಕರಗಿ ಗಾಜಿನಂಥ ತಿಳಿಸದ್ದು ಬರುವುದು. ಕೇಳಿದವರು ಅದನ್ನು ಮರೆಯಲಿಲ್ಲ. 1990ರ ದಶಕದಲ್ಲಿ ಡನ್‌ಲಪ್ ಕಂಪನಿ ಫಝ್ ಫೇಸನ್ನು ಮತ್ತೆ ತಂದಿತು. ಆಮೇಲೆ ಹಳೇ ಪೆಡಲ್‌ಗಳ ಮರುಬಿಡುಗಡೆ ನಿಂತೇ ಇಲ್ಲ, 2022ರಲ್ಲಿ ಗಿಬ್ಸನ್ ಕೂಡ ಮೇಸ್ಟ್ರೋ ಹೆಸರನ್ನು ಎಬ್ಬಿಸಿ ಕೂರಿಸಿತು.

ನಮಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದೆಳೆ ದಾರ ಸಿಕ್ಕಿಸಿ, ಝೇಂಕಾರ ಬರುವವರೆಗೆ ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿ, ಅದಕ್ಕೆ ‘ಜೀವ’ ಎಂದು ಹೆಸರಿಟ್ಟವರು ನಾವು. ಶುದ್ಧ ಸ್ವರಕ್ಕೆ ಬೇಕೆಂದೇ ಒಂದು ಕೆರೆತ ಸೇರಿಸುವ ಚಟ ನ್ಯಾಶ್‌ವಿಲ್‌ಗಿಂತ ಬಹಳ ಹಳೆಯದು.

ಮರುಬಿಡುಗಡೆಯ ತಕರಾರು ಬೇರೆಯೇ. ಡಬ್ಬಿ, ಬಣ್ಣ, ಗುಂಡಿ ಎಲ್ಲ ಹಳತರಂತೆಯೇ ಮಾಡಬಹುದು. ಟ್ರಾನ್ಸಿಸ್ಟರ್ ಮಾತ್ರ ಗೋಡೌನಿನ ಮೂಲೆಯ ಹಳೇ ಸ್ಟಾಕಿನಿಂದಲೇ ಹೆಚ್ಚಾಗಿ ಬರಬೇಕು, ಒಂದೊಂದರ ಗುಣ ಒಂದೊಂದು ಥರ. ಮೊದಲನೆಯದರ ಗೇನ್, ಅಂದರೆ ಕರೆಂಟನ್ನು ಹಿಗ್ಗಿಸುವ ಪಟ್ಟು, ಎಪ್ಪತ್ತು ಎಂಬತ್ತು, ಎರಡನೆಯದರದು ನೂರಿಪ್ಪತ್ತರ ಆಸುಪಾಸು ಇದ್ದರೆ ಒಳ್ಳೆಯದೆಂದು ಕಟ್ಟುವವರ ವಾಡಿಕೆ. ಅಂಥ ಜೋಡಿ ಆರಿಸಲು ಹೊತ್ತು ಬೇಕು. ನನ್ನ ಪೆಡಲಿಗೆ ಯಾರೂ ಅಷ್ಟು ಹೊತ್ತು ಕೊಟ್ಟಂತಿರಲಿಲ್ಲ.

ಉತ್ಸವ ಮುಗಿದ ವಾರ ಆ ಹಿರಿಯರ ಮನೆಗೆ ಹೋದೆ. ಹಾರ್ಲಿಕ್ಸ್ ಬಾಟಲಿಯೊಂದನ್ನು ಪೇಪರ್ ಮೇಲೆ ಸುರಿದರು. ಸತ್ತ ರೇಡಿಯೋಗಳಿಂದ ಕಿತ್ತಿಟ್ಟ ಟ್ರಾನ್ಸಿಸ್ಟರ್‌ಗಳು. 1960ರ ದಶಕದಲ್ಲಿ ಬೆಂಗಳೂರಿನ ಬಿಇಎಲ್ ಕೂಡ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸುತ್ತಿತ್ತು. ಲಂಡನ್ನಿನ ಡಬ್ಬಿಯ ಜಾತಿಯ ಸಾಮಾನು ಎಪ್ಪತ್ತು ಕಿಲೋಮೀಟರ್ ಆಚೆಯೇ ಹುಟ್ಟುತ್ತಿತ್ತೆಂದು ನನಗೆ ಗೊತ್ತಾದದ್ದು ಅವತ್ತು. ಒಂದನ್ನು ಮೀಟರಿಗೆ ಸಿಕ್ಕಿಸಿ, "ನೋಡು" ಎಂದು ಅದರ ತಗಡಿನ ಟೋಪಿಯನ್ನು ಎರಡು ಬೆರಳಲ್ಲಿ ಹಿಡಿದರು. ಸೋರಿಕೆಯ ಅಂಕಿ ಏರತೊಡಗಿತು. ಬಿಟ್ಟರು, ಇಳಿಯಿತು. "ಜ್ವರ ನೋಡ್ದಂಗೆ ಕಣಪ್ಪ."

ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸಿಸ್ಟರ್‌ಗಳ ಜ್ವರ ನೋಡಿ ಎರಡನ್ನು ಆರಿಸಿದರು. ಕಲೆಕ್ಟರಿನ ರೆಸಿಸ್ಟರ್ ತೆಗೆದು, ತಿರುಗಿಸಿ ಹೊಂದಿಸಬಹುದಾದ ಪುಟ್ಟ ಪ್ರೀಸೆಟ್ ಬೆಸೆದರು. ಅದನ್ನು ಹೊರಗಿನಿಂದಲೇ ತಿರುಗಿಸಲು ಪೆಡಲಿನ ತಳಕ್ಕೆ ಡ್ರಿಲ್ಲಿನಿಂದ ಒಂದು ತೂತು ಕೊರೆದರು, ಹದಿನೆಂಟು ಸಾವಿರದ ಡಬ್ಬಿಗೆ ತೂತು ಬೀಳುವುದನ್ನು ನೋಡಲಾಗದೆ ನಾನು ಕಿಟಕಿ ಕಡೆ ತಿರುಗಿದೆ. ಈಗ ಗಿಟಾರಿನ ಚೀಲದಲ್ಲಿ ಸಣ್ಣ ಸ್ಕ್ರೂಡ್ರೈವರ್ ಒಂದು ಸದಾ ಇರುತ್ತದೆ. ಧನುರ್ಮಾಸದ ಭಜನೆ ಹೊತ್ತಿಗೆ ಕಾಲು ಸುತ್ತು ಎಡಕ್ಕೆ, ಯುಗಾದಿ ಕಳೆದ ಮೇಲೆ ಅಷ್ಟೇ ಬಲಕ್ಕೆ.