ಹುಣಸೆ ಮರದ ಕೆಳಗಿನಿಂದಲೇ ವಾಪಸ್ ಹೋದವರು

ಈ ಕ್ಲಿನಿಕ್ಕಿಗೆ ಸೇರಿದ ಮೊದಲ ವರ್ಷ ನಾನು ಸಂಜೆಯಾದರೆ ಒಂದೇ ಲೆಕ್ಕ ನೋಡುತ್ತಿದ್ದೆ. ಇವತ್ತು ಒಪಿಡಿ ಎಷ್ಟಾಯ್ತು? ನಂಬರ್ ಏರಿದ್ದರೆ ಖುಷಿ. ನೋಡಬೇಕಾದ ಲೆಕ್ಕ ಬೇರೆಯೇ ಇತ್ತು. ಗೇಟಿನ ತನಕ ಬಂದು, ಹುಣಸೆ ಮರದ ಕೆಳಗೆ ಒಂದಷ್ಟು ಹೊತ್ತು ಕೂತು, ಡಾಕ್ಟರನ್ನು ನೋಡದೆಯೇ ಎದ್ದು ಹೋದವರು ಎಷ್ಟು ಜನ? ಅದಕ್ಕೆ ನಮ್ಮಲ್ಲಿ ರಿಜಿಸ್ಟರೇ ಇರಲಿಲ್ಲ.

ನಮ್ಮದು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಸಣ್ಣ ಕ್ಲಿನಿಕ್. ಬರುವವರಲ್ಲಿ ಜೇನು ಕುರುಬರು ಜಾಸ್ತಿ. ಕಾಡು ಕುರುಬರು, ಯರವರು, ಸೋಲಿಗರೂ ಬರುತ್ತಾರೆ. ವಯಸ್ಸಾದವರಲ್ಲಿ ಬಹಳ ಜನ ಹುಟ್ಟಿದ್ದು ಕಾಡಿನ ಒಳಗೆ. 1970ರ ದಶಕದಲ್ಲಿ ಒಂದು ಕಡೆ ಕಬಿನಿ ಅಣೆಕಟ್ಟಿನ ನೀರು ಏರಿತು. ಇನ್ನೊಂದು ಕಡೆ 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಆಮೇಲೆ ನಾಗರಹೊಳೆಯ ಸರದಿ. ಜನ ಕಾಡಿನಿಂದ ಹೊರಗೆ ಬಂದರು ಎಂದು ನಾವು ಬರೆಯುತ್ತೇವೆ. ಅವರನ್ನು ಕೇಳಿದರೆ ‘ಓಡಿಸಿದ್ರು’ ಅನ್ನುತ್ತಾರೆ. ಕೈಯಲ್ಲಿ ಕಾಗದ ಹಿಡಿದ ಸಾಹೇಬರು ಬಂದಾಗಲೆಲ್ಲ ಈ ಜನ ಏನೋ ಒಂದು ಕಳೆದುಕೊಂಡಿದ್ದಾರೆ. ನನ್ನ ಬಿಳಿ ಕೋಟೂ ಆ ಸಾಹೇಬರ ಸಾಲಿಗೇ ಸೇರಿತ್ತು ಅನ್ನೋದು ನನಗೆ ಹೊಳೆಯಲೇ ಇಲ್ಲ.

‘ಸಾಂಸ್ಕೃತಿಕ ಸುರಕ್ಷತೆ’ ಅಂತ ಒಂದು ಮಾತಿದೆ. ಕೇಳಲು ಭಾರ. ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. 1988ರಲ್ಲಿ ಒಂದು ಸಭೆಯಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಸಮುದಾಯದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳಂತೆ: ಕಾನೂನಿನ ಸುರಕ್ಷತೆ, ನೀತಿಯ ಸುರಕ್ಷತೆ ಅಂತೆಲ್ಲ ಹೇಳ್ತೀರಿ, ನಮ್ಮ ಸಂಸ್ಕೃತಿಯ ಸುರಕ್ಷತೆ ಎಲ್ಲಿ? ಮಾವೊರಿ ನರ್ಸ್ ಇರಿಹಾಪೆಟಿ ರಾಮ್ಸ್‌ಡೆನ್ ಆ ಪ್ರಶ್ನೆಯನ್ನು ಹಿಡಿದು ಬೆಳೆಸಿದರು. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಇದನ್ನು ನರ್ಸುಗಳ ಶಿಕ್ಷಣದಲ್ಲೇ ಸೇರಿಸಿತು. ರಾಮ್ಸ್‌ಡೆನ್ ಹೇಳಿದ್ದರ ತಿರುಳು ಇಷ್ಟೇ. ಆರೈಕೆ ಸುರಕ್ಷಿತವಾಗಿತ್ತೋ ಇಲ್ಲವೋ ಎಂದು ಹೇಳುವವರು ಅದನ್ನು ಪಡೆದವರು, ಕೊಟ್ಟವರಲ್ಲ. ಅವರ ಹಾಡು, ಕುಣಿತ, ಊಟವನ್ನು ನಾವು ಕಲಿತುಬಿಟ್ಟರೆ ಕೆಲಸ ಮುಗಿಯುವುದಿಲ್ಲ. ನಮ್ಮ ಕೈಯಲ್ಲಿ ಎಷ್ಟು ಅಧಿಕಾರ ಇದೆ, ಅದನ್ನು ಹೇಗೆ ಬಳಸುತ್ತಿದ್ದೇವೆ ಅನ್ನೋದನ್ನು ನೋಡಿಕೊಳ್ಳಬೇಕು.

ನಾವು ಮಾಡಿದ್ದು ಸರಿಯಾಗಿ ಇದರ ಉಲ್ಟಾ. ಮೊದಲ ವರ್ಷ ‘ಆದಿವಾಸಿ ಸ್ನೇಹಿ’ ಆಗಲಿ ಅಂತ ಗೋಡೆಗೆ ಚಿತ್ರ ಬರೆಸಿದೆವು. ಬಿಳಿ ಬಣ್ಣದ ಕಡ್ಡಿ ಮನುಷ್ಯರು, ಸುತ್ತು ಕುಣಿತ. ಒಬ್ಬ ಹುಡುಗ ಬಂದು ‘ಇದ್ಯಾರು ಡಾಕ್ಟ್ರಮ್ಮ?’ ಅಂದ. ಅದು ವಾರ್ಲಿ ಚಿತ್ರ. ಮಹಾರಾಷ್ಟ್ರದವರದ್ದು! ಇವತ್ತಿಗೂ ಆ ಗೋಡೆ ಹಾಗೇ ಇದೆ. ಬೇಕೆಂದೇ ಬಿಟ್ಟಿದ್ದೇನೆ. ಹೊಸ ಡಾಕ್ಟರ್ ಯಾರಾದರೂ ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ.

ಜನ ಮರದ ಕೆಳಗಿನಿಂದಲೇ ಎದ್ದು ಹೋಗುತ್ತಿದ್ದುದಕ್ಕೆ ಕಾರಣ ನನ್ನ ರೂಮಿನಲ್ಲಿ ಇರಲಿಲ್ಲ. ಕೌಂಟರ್‌ನಲ್ಲಿತ್ತು. ‘ಆಧಾರ್ ತಂದಿದ್ದೀಯಾ? ಇಲ್ವಾ? ಹೋಗಿ ತಗೊಂಡ್ ಬಾ.’ ಏಳು ಕಿಲೋಮೀಟರ್ ನಡೆದು ಬಂದ ಅಜ್ಜಿಗೆ ಹೇಳುವ ಮಾತು ಇದು. ಆ ‘ಬಾ’ ನೋಡಿ. ಊರ ಕಡೆಯ ಇಪ್ಪತ್ತು ವರ್ಷದ ಹುಡುಗ ಬಂದರೆ ‘ಬನ್ನಿ, ಕೂತ್ಕೊಳಿ’. ಹಾಡಿಯ, ಅಂದರೆ ಆದಿವಾಸಿ ಕೇರಿಯ, ಅರವತ್ತರ ಯಜಮಾನ ಬಂದರೆ ‘ಏಯ್, ಆಚೆ ನಿಲ್ಲು’. ನಮ್ಮವರಿಗೆ ಇದು ಕಿವಿಗೇ ಬೀಳುತ್ತಿರಲಿಲ್ಲ. ಕೇಳಿದರೆ ‘ಮೇಡಂ, ಅವರೂ ನಮ್ಮನ್ನ ನೀನು ಅಂತಾನೇ ಅಂತಾರಲ್ವಾ’ ಅನ್ನುತ್ತಿದ್ದರು. ನಿಜ, ಎಷ್ಟೋ ಅಜ್ಜಿಯಂದಿರು ನನ್ನನ್ನೂ ‘ನೀನು’ ಅನ್ನುತ್ತಾರೆ. ಅದು ಮನೆ ಮಗಳಿಗೆ ಅನ್ನುವ ‘ನೀನು’. ಕೌಂಟರಿನದ್ದು ಕೂಲಿಯವರಿಗೆ ಅನ್ನುವ ‘ನೀನು’. ಎರಡರ ವ್ಯತ್ಯಾಸ ಕನ್ನಡ ಬಲ್ಲವರಿಗೆ ನಾನೇನು ವಿವರಿಸಬೇಕಾಗಿಲ್ಲ.

ಸರ್ಕ್ಯುಲರ್ ಹೊರಡಿಸಿದೆ. ಒಂದು ವಾರ ‘ಬನ್ನಿ ಬನ್ನಿ’ ನಡೆಯಿತು, ಅದೂ ಸ್ವಲ್ಪ ವ್ಯಂಗ್ಯದಲ್ಲಿ. ಆಮೇಲೆ ಮತ್ತೆ ಅದೇ ರಾಗ. ಭಾಷಣದಿಂದ ಇದು ಹೋಗುವುದಿಲ್ಲ. ಕೌಂಟರ್ ಆಚೆ ಯಾರು ಕೂತಿದ್ದಾರೆ ಅನ್ನೋದೇ ಬದಲಾಗಬೇಕಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಒಬ್ಬ ಜೇನು ಕುರುಬ ಹುಡುಗಿಯನ್ನು ಕೌಂಟರ್‌ಗೆ ಸೇರಿಸಿಕೊಂಡೆವು. ಸಮಸ್ಯೆ ಮುಗಿಯಿತು ಅಂದುಕೊಂಡೆ. ಒಂದು ತಿಂಗಳು ಬಿಟ್ಟು ಬೆಳಿಗ್ಗೆ ಬೇಗ ಬಂದು ನೋಡಿದರೆ ಅವಳು ಲೇಬರ್ ರೂಂ ಒರೆಸುತ್ತಿದ್ದಾಳೆ. ಯಾರು ಹೇಳಿದ್ದು ಎಂದರೆ ಯಾರೂ ಹೇಳಿಲ್ಲ. ‘ಹಾಡಿ ಹುಡುಗಿ ಅಲ್ವಾ, ಅವಳಿಗೆ ಬೇಜಾರಿಲ್ಲ ಬಿಡಿ.’

ಅವತ್ತು ನನಗೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ಇತ್ತು. ಅವಳನ್ನು ಒಳಗೆ ಕರೆದೆ, ಅವಳಿಗೆ ಅಧಿಕಾರ ಕೊಟ್ಟಿರಲಿಲ್ಲ. ಆಮೇಲೆ ಮೂರು ಕೆಲಸ ಮಾಡಿದೆವು. ಅದೇ ಹುದ್ದೆಯ ಬೇರೆಯವರಿಗೆ ಎಷ್ಟೋ ಅಷ್ಟೇ ಸಂಬಳ. ಸೋಮವಾರದ ಮೀಟಿಂಗಿನಲ್ಲಿ ಮೊದಲ ಮಾತು ಅವಳದ್ದು. ಮತ್ತೆ, ರೋಗಿಗೆ ಅರ್ಥ ಆಗಿಲ್ಲ ಅನ್ನಿಸಿದರೆ ನನ್ನ ಮಾತನ್ನೂ ನಡುವೆ ತಡೆಯುವ ಹಕ್ಕು. ಮೂರನೆಯದು ಬಾಯಲ್ಲಿ ಹೇಳುವುದು ಸುಲಭ. ಮೊದಲ ಸಲ ರೋಗಿಯ ಎದುರಿಗೇ ‘ಡಾಕ್ಟ್ರಮ್ಮ, ಅವರಿಗೆ ತಿಳಿದಿಲ್ಲ, ಸುಮ್ನೆ ಹೂಂ ಅಂತಿದ್ದಾರೆ’ ಅಂದಾಗ ನನ್ನ ಮುಖ ಬಿಸಿಯಾಯಿತು.

ಈ ‘ಹೂಂ’ ಬಗ್ಗೆ ಸ್ವಲ್ಪ ಹೇಳಬೇಕು. ದಿನಕ್ಕೆ ಮೂರು ಸಲ ಮಾತ್ರೆ, ಹೂಂ. ಊಟ ಆದ ಮೇಲೆ, ಹೂಂ. ಹದಿನೈದು ದಿನ ಬಿಟ್ಟು ಬನ್ನಿ, ಹೂಂ. ಅದನ್ನು ಒಪ್ಪಿಗೆ ಅಂದುಕೊಂಡು ವರ್ಷಗಟ್ಟಲೆ ಬರೆದುಕೊಂಡೆ. ಅಲ್ಲ ಸ್ವಾಮಿ, ದೊಡ್ಡವರು ಮಾತಾಡುವಾಗ ‘ಕೇಳಿಸ್ತಿದೆ’ ಅನ್ನುವ ಹೂಂ ಅದು. ‘ಬೇಗ ಬಿಡು, ಹೋಗ್ತೀನಿ’ ಅನ್ನುವ ಹೂಂ ಕೂಡ. ಈಗ ಮಾತ್ರೆ ಕೊಟ್ಟ ಮೇಲೆ ‘ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳ್ತೀರಿ, ನನಗೆ ಹೇಳಿ ನೋಡೋಣ’ ಅನ್ನುತ್ತೇವೆ. ಎರಡು ನಿಮಿಷ ಹೆಚ್ಚು ಹಿಡಿಯುತ್ತೆ. ‘ಹೇಳಿದ ಮಾತು ಕೇಳಲ್ಲ’ ಅನ್ನುವ ದೂರು ಅರ್ಧಕ್ಕರ್ಧ ಅಲ್ಲೇ ಕರಗುತ್ತೆ.

ಇನ್ನು ನಮ್ಮ ದೊಡ್ಡ ತಪ್ಪಿನ ವಿಷಯ. ಒಂದು ಚಳಿಗಾಲದ ರಾತ್ರಿ ಇಪ್ಪತ್ತರ ಆಸುಪಾಸಿನ ಹುಡುಗನನ್ನು ಹೊತ್ತು ತಂದರು. ಕೈಕಾಲು ಮೂಳೆ ಮೂಳೆ ನೋವು, ಹೊರಳಾಡುತ್ತಿದ್ದಾನೆ. ಬಾಯಲ್ಲಿ ಹೆಂಡದ ವಾಸನೆ. ‘ಕುಡಿದು ಗಲಾಟೆ’ ಅಂತ ಡ್ಯೂಟಿಯಲ್ಲಿದ್ದವರು ಒಂದು ಇಂಜೆಕ್ಷನ್ ಕೊಟ್ಟು ಹೊರಗೆ ಬೆಂಚಿನ ಮೇಲೆ ಮಲಗಿಸಿದರು. ಬೆಳಿಗ್ಗೆ ನಾನು ನೋಡಿದಾಗ ಕಣ್ಣು ಹಳದಿ, ಉಸಿರಾಟ ಜೋರು. ಅದು ಸಿಕಲ್ ಸೆಲ್ ನೋವು. ಕುಡಿದದ್ದು ನಿಜ. ನೋವು ತಡೆಯಲಾರದೆ ಕುಡಿದಿದ್ದ. ದೊಡ್ಡಾಸ್ಪತ್ರೆಗೆ ಕಳಿಸಿ ಬದುಕಿಸಿಕೊಂಡೆವು. ಆ ಹಾಡಿಯಿಂದ ಮುಂದಿನ ಎಂಟು ತಿಂಗಳು ಒಬ್ಬರೂ ನಮ್ಮಲ್ಲಿಗೆ ಬರಲಿಲ್ಲ.

ಸಿಕಲ್ ಸೆಲ್ ನಮ್ಮ ಕಡೆಗೆ ಹೊಸದಲ್ಲ. ಭಾರತದಲ್ಲಿ ಇದು ಇದೆ ಎಂದು ಮೊದಲು ಗೊತ್ತಾದದ್ದೇ 1952ರಲ್ಲಿ, ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ಚಳಿ, ನೀರು ಕಡಿಮೆಯಾಗುವುದು, ಜ್ವರ, ಮೈಮುರಿಯುವ ದುಡಿಮೆ ಇವೆಲ್ಲ ನೋವನ್ನು ಎಬ್ಬಿಸುತ್ತವೆ. ಆ ಹೊತ್ತಿಗೆ ಬೇಕಾದ್ದು ಬೆಚ್ಚಗಿನ ಜಾಗ, ನೀರು ಅಥವಾ ಡ್ರಿಪ್, ಸಾಕಷ್ಟು ಬಲದ ನೋವಿನ ಔಷಧ. ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧ ದಿನಾ ತಗೊಂಡರೆ ಇಂಥ ನೋವು ಬರುವುದೇ ಕಡಿಮೆಯಾಗುತ್ತೆ. ನಾವು ಅವನಿಗೆ ಕೊಟ್ಟದ್ದು ಚಳಿಯಲ್ಲಿ ಒಂದು ಬೆಂಚು.

ಆ ಘಟನೆಯ ಮೇಲೆ ಒಂದು ನಿಯಮ ಮಾಡಿದೆವು. ಕೇಸ್ ಶೀಟಿನಲ್ಲಿ ‘ಕುಡಿದಿದ್ದಾನೆ’ ಅಂತ ಬರೆಯುವ ಮೊದಲು ಶುಗರ್ ನೋಡಬೇಕು, ಸಿಕಲ್ ಟೆಸ್ಟ್ ಆಗಿದೆಯಾ ನೋಡಬೇಕು, ತಲೆಗೆ ಪೆಟ್ಟು ಬಿದ್ದಿದೆಯಾ ನೋಡಬೇಕು. ಸಿಸ್ಟರ್ ಒಬ್ಬರನ್ನು ಬಯ್ದು ಕಳಿಸಿದ್ದರೆ ನನಗೆ ಸಮಾಧಾನ ಆಗುತ್ತಿತ್ತೇನೋ. ಆದರೆ ಆ ರಾತ್ರಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಅಂತ ನನಗೆ ಗೊತ್ತು. ನಾನು, ಹಾಡಿ ಯಜಮಾನರೊಬ್ಬರು, ಕೌಂಟರಿನ ಹುಡುಗಿ, ಮೂವರೂ ಆ ಹಾಡಿಗೆ ಹೋಗಿ ಜಗಲಿಯ ಮೇಲೆ ಕೂತು ತಪ್ಪಾಯ್ತು ಅಂದೆವು. ಹುಡುಗನ ತಾಯಿ ಏನೂ ಹೇಳಲಿಲ್ಲ. ಟೀ ಕೊಟ್ಟರು. ಎಂಟು ತಿಂಗಳಾದ ಮೇಲೆ ಮೊದಲು ಬಂದವರೂ ಆ ತಾಯಿಯೇ, ಮೊಮ್ಮಗಳ ಕೆಮ್ಮಿಗೆ.

2023ರ ಜುಲೈ 1ರಂದು ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. 2047ರೊಳಗೆ ನಿರ್ಮೂಲನೆಯ ಗುರಿ, ಅದಕ್ಕೆ ಮೊದಲು 7 ಕೋಟಿ ಜನರ ತಪಾಸಣೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಹಾಡಿಯಲ್ಲಿ ಸೂಜಿ ತೆಗೆದ ತಕ್ಷಣ ಬಂದ ಪ್ರಶ್ನೆ: ‘ಹಿಂದೆ ಬಂದೋರೂ ರಕ್ತ ತಗೊಂಡ್ ಹೋದ್ರು. ಏನಾಯ್ತು ಅದು?’ ಯಾರ ಬಳಿಯೂ ಉತ್ತರ ಇರಲಿಲ್ಲ. ಯಾರೋ ಬಂದಿದ್ದರು, ತೆಗೆದುಕೊಂಡು ಹೋಗಿದ್ದರು, ರಿಸಲ್ಟ್ ಬಂದಿರಲಿಲ್ಲ. ಇದು ಬರೀ ಅನುಮಾನದ ಮಾತಲ್ಲ. ಅಮೆರಿಕದ ಅರಿಜೋನಾದಲ್ಲಿ ಹವಸುಪಾಯ್ ಎಂಬ ಮೂಲನಿವಾಸಿಗಳು 1990ರಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಅಂತ ರಕ್ತ ಕೊಟ್ಟರು. ಅದನ್ನು ಅವರಿಗೆ ತಿಳಿಸದೆ ಮಾನಸಿಕ ಕಾಯಿಲೆ, ವಲಸೆಯ ಮೂಲ ಅಂತ ಬೇರೆ ಬೇರೆ ಅಧ್ಯಯನಕ್ಕೂ ಬಳಸಿದರು. ಜನ ಕೋರ್ಟಿಗೆ ಹೋದರು. 2010ರಲ್ಲಿ ಅಧ್ಯಯನ ನಡೆಸಿದ್ದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದಿದ್ದ ರಕ್ತವನ್ನೂ ವಾಪಸ್ ಕೊಟ್ಟಿತು. ಈ ಕತೆಯನ್ನು ನಾನೇ ಹಾಡಿಯಲ್ಲಿ ಹೇಳಿದೆ. ಟೀಮಿನವರು ‘ಇದನ್ನ ಹೇಳಿದ್ರೆ ಯಾರು ಮೇಡಂ ಕೈ ಕೊಡ್ತಾರೆ’ ಅಂದರು. ಕೊಟ್ಟರು. ಎರಡು ಷರತ್ತು ಹಾಕಿದರು. ರಿಸಲ್ಟನ್ನು ನಮ್ಮ ಮುಂದೆಯೇ, ಒಬ್ಬೊಬ್ಬರಿಗೇ ಹೇಳಬೇಕು. ಉಳಿದ ರಕ್ತ ಎಲ್ಲಿಗೆ ಹೋಯಿತು ಅಂತಲೂ ಹೇಳಬೇಕು.

ಒಬ್ಬೊಬ್ಬರಿಗೇ ಹೇಳುವುದೂ ಸಲೀಸಲ್ಲ. ಇದು ಅಪ್ಪ ಅಮ್ಮನಿಂದ ಬರುವ ಕಾಯಿಲೆ. ತಮಗೆ ಕಾಯಿಲೆ ಇಲ್ಲದೆ ಅದರ ವಂಶವಾಹಿ ಮಾತ್ರ ಹೊತ್ತವರು ಇರುತ್ತಾರೆ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಅವರೆಕಾಳು, ರಾಗಿಕಾಳು ಇಟ್ಟು ತೋರಿಸುತ್ತೇವೆ. ಅಪ್ಪನದ್ದು ಒಂದು ಕಾಳು, ಅಮ್ಮನದ್ದು ಒಂದು ಕಾಳು. ‘ಹಾಗಾದ್ರೆ ಮೊದಲ ಮಗೂಗೆ ಬಂದ್ರೆ ಮುಂದಿನ ಮೂರಕ್ಕೆ ಬರಲ್ಲ ಅಲ್ವಾ?’ ಅಂತ ಕೇಳುತ್ತಾರೆ. ಮೈಸೂರಿನಲ್ಲಿ ಓದಿದವರೂ ಇದನ್ನೇ ಕೇಳುತ್ತಾರೆ. ಪ್ರತಿ ಸಲವೂ ಕಾಳು ಹೊಸದಾಗಿ ಆರಿಸಬೇಕು ಅಂತ ಅವರ ಕೈಯಲ್ಲೇ ಆರಿಸಿ ತೋರಿಸಿದರೆ ತಿಳಿಯುತ್ತೆ.

ಹೆರಿಗೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಒಬ್ಬ ಬಾಣಂತಿಯ ಅತ್ತೆ ‘ಮಾಸು ಎಲ್ಲಿ?’ ಅಂತ ಕೇಳಿದರು. ಮಗುವಿನ ಹಿಂದೆ ಹೊರಬರುವ ಆ ಮಾಸು ಆಸ್ಪತ್ರೆಯಲ್ಲಿ ವೈದ್ಯಕೀಯ ಕಸದ ಹಳದಿ ಚೀಲಕ್ಕೆ ಹೋಗುತ್ತೆ. ನಿಯಮ ಇದೆ. ಆದರೆ ನಮ್ಮಜ್ಜಿಯೂ ಮಾಸನ್ನು ಮನೆಯ ಹಿತ್ತಲಲ್ಲೇ ಹೂಳಿಸಿದ್ದು. ಮಾವೊರಿ ಭಾಷೆಯಲ್ಲಿ ಮಾಸಿಗೂ ನೆಲಕ್ಕೂ ಒಂದೇ ಪದ, ‘ಫೆನುವಾ’. ನಿಯಮ ಮುರಿಯಿರಿ ಅಂತ ನಾನು ಹೇಳುತ್ತಿಲ್ಲ. ಹೆರಿಗೆಗೆ ಮುಂಚೆಯೇ ಹೇಳಿ, ಕೇಳಿ, ಅವರ ದುಃಖಕ್ಕೆ ಒಂದು ಮಾತಿನ ಜಾಗ ಕೊಡಬಹುದಲ್ವಾ?

ನಾವೇನೂ ಹೊಸದಾಗಿ ಕಂಡುಹಿಡಿದಿಲ್ಲ. ಬಂಡೀಪುರ ದಾಟಿ ಮುದುಮಲೆ ಕಡೆಯಿಂದ ಹೋದರೆ ಗೂಡಲೂರು. ಅಲ್ಲಿ ‘ಅಶ್ವಿನಿ’ ಸಂಸ್ಥೆ 1990ರಿಂದ ಆದಿವಾಸಿ ಹೆಣ್ಣುಮಕ್ಕಳನ್ನೇ ನರ್ಸುಗಳಾಗಿ ತಯಾರು ಮಾಡಿ ಆಸ್ಪತ್ರೆ ನಡೆಸುತ್ತಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಸೋಲಿಗ ಹುಡುಗಿಯರನ್ನು ನರ್ಸಿಂಗ್ ಕೆಲಸಕ್ಕೆ ತರಬೇತಿ ಮಾಡಿತು. ಕ್ಲಿನಿಕ್ ಮುಖ್ಯಸ್ಥರಾಗುವವರಿಗೆ ನನ್ನ ಸಲಹೆ: ಕಟ್ಟಡಕ್ಕೆ ದುಡ್ಡು ಕೇಳುವ ಮೊದಲು ಇಂಥ ಎರಡು ಸಂಬಳಕ್ಕೆ ದುಡ್ಡು ಕೇಳಿ. ಕೊಡುವವರಿಗೆ ಕಟ್ಟಡವೇ ಇಷ್ಟ, ರಿಬ್ಬನ್ ಕತ್ತರಿಸಬಹುದಲ್ಲ.

ಈಗ ನಮ್ಮಲ್ಲಿ ಆ ಇನ್ನೊಂದು ರಿಜಿಸ್ಟರ್ ಇದೆ. ಹುಣಸೆ ಮರದ ರಿಜಿಸ್ಟರ್ ಅಂತಲೇ ಹೆಸರು. ನೋಡಿಸಿಕೊಳ್ಳದೆ ಹೋದವರ ಹೆಸರು, ಹಾಡಿ. ಎರಡು ದಿನದೊಳಗೆ ಯಾರಾದರೂ ಹೋಗಿ ‘ಯಾಕೆ ಹೋದ್ರಿ’ ಎಂದು ಕೇಳುತ್ತಾರೆ. ಬಯ್ಯಲು ಅಲ್ಲ, ತಿಳಿಯಲು. ಕೊಡಗಿಗೆ ಕಾಫಿ ಕೊಯ್ಲಿಗೆ ಹೋಗುವ ಕ್ಷಯ ರೋಗಿಗಳಿಗೆ ಆರು ತಿಂಗಳ ಔಷಧ ನಡುವೆ ತಪ್ಪುವುದು ಯಾಕೆ ಅಂತ ನಮಗೆ ತಿಳಿದಿದ್ದು ಹೀಗೆಯೇ. ‘ಡಿಫಾಲ್ಟರ್’ ಅಂತ ಕೆಂಪು ಇಂಕಿನಲ್ಲಿ ಬರೆದಿಟ್ಟಿದ್ದ ಮನುಷ್ಯ ತೋಟದ ಲೈನ್ ಮನೆಯಲ್ಲಿದ್ದ. ಫೋನ್ ಮಾಡಿದರೆ ಸಿಗುವಷ್ಟು ಹತ್ತಿರ.

ಒಂದು ವಿಷಯ ಮಾತ್ರ ಬಾಕಿ. ಸಿಕಲ್ ಟೆಸ್ಟ್ ಆದವರಿಗೆ ಕಾರ್ಡ್ ಕೊಡಬೇಕು. ಮದುವೆಗೆ ಮುಂಚೆ ಎರಡು ಕಾರ್ಡ್ ಹೊಂದಿಸಿ ನೋಡಲಿ ಅನ್ನುವುದು ಉದ್ದೇಶ. ಪ್ರತಿಯೊಬ್ಬರಿಗೂ ಅವರವರ ರಿಸಲ್ಟ್ ತಿಳಿಸಿದ್ದೇವೆ, ಔಷಧ ಬೇಕಾದವರಿಗೆ ಶುರುವಾಗಿದೆ. ಆದರೆ ಮನೆಯಲ್ಲಿ ಇಟ್ಟ ಕಾರ್ಡನ್ನು ನೆಂಟರು ನೋಡುತ್ತಾರೆ. ‘ಗಂಡಿನ ಕಾರ್ಡ್ ಯಾರೂ ಕೇಳಲ್ಲ, ಹೆಣ್ಣಿನದ್ದೇ ಕೇಳ್ತಾರೆ’ ಅಂತ ಕೌಂಟರಿನ ಹುಡುಗಿ ಮೀಟಿಂಗಿನಲ್ಲಿ ಹೇಳಿದಳು. ಈ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಕಾಫಿ ಕೊಯ್ಲು ಮುಗಿದು ಜನ ವಾಪಸ್ ಬಂದ ಮೇಲೆ ಯಜಮಾನರೂ ಹೆಂಗಸರೂ ಕೂತು ತೀರ್ಮಾನ ಹೇಳುತ್ತಾರಂತೆ. ಅಲ್ಲಿಯ ತನಕ ಕಾರ್ಡುಗಳು ನನ್ನ ಕಪಾಟಿನಲ್ಲೇ ಇವೆ. ಬೀಗದ ಕೈ ಅವಳ ಹತ್ತಿರ.