ಸುಟ್ಟೈತಿ, ಆದ್ರ ಒಣಗಿಲ್ಲ

ಹೋದ ವರ್ಷ ಆಗಸ್ಟಲ್ಲಿ ಮೊದಲ ಸಲ ಬಿಸ್ಕಾಟಿ ಅನ್ನೋ ಇಟಲಿಯ ಗಟ್ಟಿ ಬಿಸ್ಕೀಟು ಮಾಡಿದೆ. ಯಾಲಕ್ಕಿ, ಬಡೆಸೋಪು, ಚೂರು ಒಣಶುಂಠಿ, ನಾಲ್ಕು ಕಾಳು ಮೆಣಸು, ಬಾದಾಮಿ ರೇಟ್ ನೋಡಿ ಅದರ ಬದಲು ನಮ್ಮ ಶೇಂಗಾ. ಒಟಿಜಿ, ಅಂದ್ರೆ ಕರೆಂಟಿನ ಪುಟ್ಟ ಓವನ್ನಿಂದ ಹೊರಗೆ ತೆಗೆದಾಗ ಏನ್ ಚಂದ ಇತ್ತು ಅಂತೀರಿ, ಕೆಂಪಗೆ, ಥೇಟ್ ಬೇಕರಿ ಮಾಲು. ಫೋಟೋ ತೆಗೆದು ಸ್ಟೇಟಸ್ಸೂ ಹಾಕ್ದೆ. ಮರುದಿನ ಬೆಳಿಗ್ಗೆ ಸ್ಟೀಲ್ ಡಬ್ಬಿ ತೆಗೆದು ಚಹಾ ಜೊತೆ ಕಚ್ಚಿದ್ರೆ ಚಪ್ಪಲಿ ತೊಗಲು ಎಳದಂಗೆ ಬಂತು. ನಮ್ಮ ಅತ್ತಿ ಮೊಟ್ಟೆ ತಿನ್ನೋರಲ್ಲ, ಹಂಗಾಗಿ ರುಚಿ ನೋಡೋ ಪ್ರಶ್ನೆನೇ ಇಲ್ಲ. ಒಂದು ತುಂಡು ಎರಡು ಬೆರಳಲ್ಲಿ ಹಿಡಿದು ತಟ್ಟೆ ಅಂಚಿಗೆ ಟಕ್ ಟಕ್ ಅಂತ ಬಡಿದ್ರು, ಕಿವಿ ಹತ್ರ ಇಟ್ಕೊಂಡು ಮುರಿದ್ರು, ಆಮೇಲೆ ಅಂದ್ರು, "ಸುಟ್ಟೈತಿ, ಆದ್ರ ಒಣಗಿಲ್ಲ ಇದು."

ಅತ್ತಿ ಕುಷ್ಟಗಿ ಕಡೆಯವರು, ನಾವಿರೋದು ಬಳ್ಳಾರಿ. ಒಟಿಜಿ ಸ್ವಿಚ್ಚೂ ಮುಟ್ಟದೋರು ಹಿಂಗೆ ಒಂದೇ ಮಾತಲ್ಲಿ ಹೇಳಿದ್ದು ನನಗೆ ಸ್ವಲ್ಪ ಸಿಟ್ಟೇ ಬಂತು, ನಿಜ ಹೇಳ್ಬೇಕಂದ್ರೆ. ಆದ್ರೆ ಅವರು ಖಡಕ್ ರೊಟ್ಟಿ ಮಾಡೋದು ನೆನಪಾದಾಗ ಸಿಟ್ಟು ಇಳೀತು. ಸಜ್ಜಿ ರೊಟ್ಟಿ ತೆಳ್ಳಗೆ ಬಡಿದು ಎಳ್ಳು ಹಚ್ಚಿ ಹಂಚಲ್ಲಿ ಬೇಯಿಸ್ತಾರೆ, ಅಲ್ಲಿಗೆ ರೊಟ್ಟಿ ಆಯ್ತು, ಬಿಸಿಬಿಸಿ ತಿನ್ನಬಹುದು. ಖಡಕ್ ಬೇಕಂದ್ರೆ ಇನ್ನೊಂದು ಸುತ್ತು ಇದೆ: ಸಣ್ಣ ಉರಿಯಲ್ಲಿ ಬಟ್ಟೆ ಉಂಡೆಯಿಂದ ಒತ್ತಿ ಒತ್ತಿ, ಇಲ್ಲಾ ಒಲೆ ಪಕ್ಕ ಕೆಂಡದ ಬಿಸಿಗೆ ನಿಲ್ಲಿಸಿ ನಿಧಾನಕ್ಕೆ ಒಣಗಿಸೋದು. ಎರಡು ಸಲ ಬೇಯಿಸೋದು. ಬಿಸ್ಕಾಟಿ ಅಂದ್ರೂ ಅದೇ, ಹೆಸರಲ್ಲೇ ಇದೆ. ಲ್ಯಾಟಿನ್‌ನಲ್ಲಿ ಬಿಸ್ ಅಂದ್ರೆ ಎರಡು ಸಲ, ಕೊಕ್ಟುಸ್ ಅಂದ್ರೆ ಬೆಂದಿದ್ದು. ಮಜಾ ಏನಂದ್ರೆ ಭಾಷಾಶಾಸ್ತ್ರದೋರ ಪ್ರಕಾರ ಆ ಬಿಸ್ಸೂ ಸಂಸ್ಕೃತದ ದ್ವಿಃ ಅನ್ನೋದೂ ಒಂದೇ ಬೇರಿನ ಪದಗಳು, ಆ ಕೊಕ್ಟುಸ್ಸು ನಮ್ಮ ಪಾಕ, ಪಕ್ವ ಅನ್ನೋವುಗಳ ದೂರದ ಸಂಬಂಧಿ. ನಾವು ದಿನಾ ಅನ್ನೋ ಬಿಸ್ಕೀಟೂ ಅದೇ ಮನೆತನದ್ದೇ.

ಇಟಲಿಯೋರು ಯಾವ ಬಿಸ್ಕೀಟಿಗಾದ್ರೂ ಬಿಸ್ಕಾಟಿ ಅಂತಾರೆ, ಈ ಉದ್ದುದ್ದ ಹೋಳುಗಳಿಗೆ ಮಾತ್ರ ಕಾಂಟುಚ್ಚಿ ಅನ್ನೋ ಬೇರೆ ಹೆಸರು. ಟಸ್ಕನಿಯ ಪ್ರಾಟೋ ಊರಲ್ಲಿ ಆಂಟೋನಿಯೋ ಮಾಟ್ಟೇಯಿ ಅನ್ನೋರು 1858ರಲ್ಲಿ ಶುರು ಮಾಡಿದ ಬೇಕರಿಯಿಂದ ಇದು ಹೆಸರಾಯ್ತು, ಆ ಬೇಕರಿ ಇವತ್ತೂ ಇದೆ. ಅಲ್ಲಿ ಇದನ್ನ ಸಿಹಿ ವೈನಲ್ಲಿ ಅದ್ದಿ ತಿಂತಾರೆ, ನಮಗೆ ಚಹಾ ಸಾಕು.

ಸರಿ, ಒಣಗಿಲ್ಲ ಅಂದ್ರು, ಎಷ್ಟು ಒಣಗಿಲ್ಲ ಅಂತ ನೋಡೋಣ ಅಂತ ಎರಡನೇ ಸಲ ತಕ್ಕಡಿ ಮುಂದಿಟ್ಕೊಂಡು ಕೂತೆ. ಮೈದಾ 250 ಗ್ರಾಂ, ಸಕ್ಕರೆ 150, ಎರಡು ಮೊಟ್ಟೆ ಒಡೆದ್ರೆ 100ರ ಆಸುಪಾಸು, ಹುರಿದ ಶೇಂಗಾ 100, ಮಸಾಲೆ, ಬೇಕಿಂಗ್ ಪೌಡರ್ ಎಲ್ಲಾ ಸೇರಿ 610 ಗ್ರಾಂ ಹಿಟ್ಟು. ನೀರು ಅಂತ ಒಂದು ಹನಿನೂ ಹಾಕಿಲ್ಲ, ಆದ್ರೂ ನೀರಿದೆ. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ, ಮುಟ್ಟಿದ್ರೆ ಬೂದಿ ಥರ ಒಣ ಅನ್ಸೋ ಮೈದಾದಲ್ಲೂ ಶೇ 12-13 ನೀರಿರುತ್ತೆ. ಎಲ್ಲಾ ಕೂಡಿಸಿದ್ರೆ 110 ಗ್ರಾಂ ಹತ್ರ, ಅರ್ಧ ಲೋಟ ಅನ್ನಿ. ಹಿಟ್ಟನ್ನ ಚಪ್ಪಟೆ ದಿಮ್ಮಿ ಥರ ಮಾಡಿ 175 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದ ಮೇಲೆ ತೂಗಿದ್ರೆ 556. ಅಂದ್ರೆ ಅರ್ಧ ನೀರು ಇನ್ನೂ ಒಳಗೇ ಇದೆ! ಹೋಳು ಮಾಡಿ ಎರಡನೇ ಸಲ ಇಟ್ಟು ತೆಗೆದಾಗ 512. ಈಗ ಉಳಿದಿರೋದು 12 ಗ್ರಾಂ ನೀರು, ಎರಡೂವರೆ ಚಮಚಾನೂ ಇಲ್ಲ.

ಮತ್ತೆ ಆ ದಿಮ್ಮಿನೇ ಇನ್ನೊಂದು ಗಂಟೆ ಒಳಗೆ ಬಿಟ್ರೆ ಆಗಲ್ವಾ, ಕುಯ್ಯೋ ಕೆಲಸ ಯಾಕೆ? ಆಗಲ್ಲ. ನೀರು ಹೊರಗೆ ಹೋಗ್ಬೇಕಂದ್ರೆ ನಡುವಿಂದ ಅಂಚಿನತನಕ ಹಿಟ್ಟಿನೊಳಗೆ ತೆವಳ್ಕೊಂಡು ಬರ್ಬೇಕು, ಈ ತೆವಳೋ ಸಮಯ ದಪ್ಪದ ವರ್ಗಕ್ಕೆ ತಕ್ಕಂಗೆ ಹೆಚ್ಚುತ್ತೆ. ದಪ್ಪ ಅರ್ಧ ಮಾಡಿದ್ರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತೆ. ಎರಡೂವರೆ ಸೆಂಟಿಮೀಟರ್ ದಿಮ್ಮಿ, ಅದರಿಂದ ಕುಯ್ದ ಸೆಂಟಿಮೀಟರ್ ಚಿಲ್ಲರೆ ಹೋಳು, ಇದಕ್ಕೂ ಅದಕ್ಕೂ ಅಷ್ಟು ಫರಕ್ಕು. ಅತ್ತಿ ರೊಟ್ಟಿ ಅಷ್ಟು ತೆಳ್ಳಗೆ ಬಡಿಯೋದೂ ಇದೇ ಲೆಕ್ಕ, ಅವರು ವರ್ಗ ಗಿರ್ಗ ಅನ್ನಲ್ಲ, "ದಪ್ಪ ಬಡಿದ್ರ ಬೂಸ್ಲು ಬರ್ತೈತಿ" ಅಂತಾರೆ ಅಷ್ಟೇ.

ಇನ್ನು ಸುಟ್ಟಿದ್ದಕ್ಕೂ ಒಣಗಿದ್ದಕ್ಕೂ ಇರೋ ವ್ಯತ್ಯಾಸ. ನನಗೆ ತಲೆಗೆ ಹೋಗೋಕೆ ತುಂಬಾ ದಿನ ಹಿಡೀತು ಇದು. ಹಿಟ್ಟಲ್ಲಿ ನೀರಿರೋ ತನಕ ಆ ಜಾಗದ ಬಿಸಿ 100 ಡಿಗ್ರಿ ಹತ್ರನೇ ನಿಂತಿರುತ್ತೆ, ಒಲೆ ಕೊಡೋ ಶಾಖ ಎಲ್ಲಾ ನೀರನ್ನ ಆವಿ ಮಾಡೋಕೆ ಖರ್ಚಾಗುತ್ತೆ. ಮೇಲ್ಮೈ ಮೊದಲು ಒಣಗುತ್ತೆ, ಒಣಗಿದ ತಕ್ಷಣ ಅದರ ಬಿಸಿ ಜಿಗಿಯುತ್ತೆ, 140 ದಾಟಿದ್ರೆ ಸಕ್ಕರೆ ಮತ್ತು ಪ್ರೋಟೀನ್ ತುಣುಕುಗಳು ಜೋರಾಗಿ ಕೂಡ್ಕೊಂಡು ಕೆಂಪು ಬಣ್ಣ, ಹುರಿದ ಘಮ ಬರುತ್ತೆ. ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ 1912ರಲ್ಲಿ ಬರೆದಿದ್ದು ಇದನ್ನೇ, ಅವರ ಹೆಸರಲ್ಲೇ ಮಯಾರ್ ರಿಯಾಕ್ಷನ್ ಅಂತಾರೆ. ಹಂಗಾಗಿ ಉರಿ ಜೋರಿದ್ರೆ ಹೊರಗೆ ಇಟ್ಟಿಗೆ ಬಣ್ಣ ಬಂದಿರುತ್ತೆ, ನಡುವೆ ಇನ್ನೂ ಹಸಿ. ನಾನು ಬಣ್ಣ ನೋಡಿ ಆಯ್ತು ಅಂತ ತೆಗೆದೆ. ರಾತ್ರಿಯೆಲ್ಲಾ ಮುಚ್ಚಿದ ಡಬ್ಬಿಯಲ್ಲಿ ನಡುವಿನ ನೀರು ನಿಧಾನಕ್ಕೆ ಅಂಚಿಗೆ ಬಂತು, ಬೆಳಿಗ್ಗೆ ಇಡೀ ಹೋಳು ಒಂದೇ ಸಮ ಮೆತ್ತಗೆ. ಡಬ್ಬಿ ಮುಚ್ಚೇ ಇತ್ತು, ಹೊರಗಿನ ಗಾಳಿಯ ತಪ್ಪಲ್ಲ, ಅತ್ತಿ ಹೇಳಿದ್ದೇ ಸರಿ.

ಹೋಳುಗಳನ್ನ ಎರಡನೇ ಸಲ ಬೇಯಿಸುವಾಗ ಅದಕ್ಕೇ ಉರಿ ಕಡಿಮೆ, 140ರಿಂದ 150, ಒಂದೊಂದು ಮಗ್ಗುಲಿಗೆ 12-15 ನಿಮಿಷ, ಆಮೇಲೆ ಆಫ್ ಮಾಡಿ ಬಾಗಿಲು ಸ್ವಲ್ಪ ತೆಗೆದು ಒಳಗೇ ಆರೋಕೆ ಬಿಡೋದು. ಒಟಿಜಿ ಗುಂಡಿ ಮೇಲಿನ ನಂಬರ್ ಮಾತ್ರ ನಂಬ್ಬೇಡಿ. ಸಕ್ಕರೆ ಕರಗೋದು ಸುಮಾರು 186 ಡಿಗ್ರಿಗೆ, ಹಂಗಾಗಿ ಒಂದು ಚಮಚ ಸಕ್ಕರೆ ಫಾಯಿಲ್ ಮೇಲೆ ಹಾಕಿ ಗುಂಡಿ 175ಕ್ಕೆ ಇಟ್ಟು ಕಾಲು ಗಂಟೆ ಬಿಡಿ, ಕರಗಿ ನೀರಾದ್ರೆ ನಿಮ್ಮ ಒಲೆ ಸುಳ್ಳು ಹೇಳ್ತಿದೆ. ನನ್ನದು ಹೇಳ್ತಿತ್ತು.

ಈಗ ಗರಿಗರಿ ಅಂದ್ರೆ ಏನು ಅಂತ. ಚೆನ್ನಾಗಿ ಒಣಗಿದ ಬಿಸ್ಕಾಟಿಯಲ್ಲಿ ಸಕ್ಕರೆ ಮತ್ತು ಪಿಷ್ಟ ಗಾಜಿನ ಸ್ಥಿತಿಯಲ್ಲಿರುತ್ತೆ, ಉಪಮೆ ಅಲ್ಲ, ವಿಜ್ಞಾನಿಗಳು ನಿಜವಾಗ್ಲೂ ಗಾಜು ಅಂತಲೇ ಕರೀತಾರೆ. ಅಣುಗಳು ಅಡ್ಡಾದಿಡ್ಡಿ ಸಿಕ್ಕಿಹಾಕ್ಕೊಂಡು ಅಲ್ಲಾಡೋಕೆ ಜಾಗ ಇಲ್ಲದೆ ನಿಂತಿರುತ್ತೆ, ಶೇಂಗಾ ಚಿಕ್ಕಿಯ ಪಾಕ ಆರಿದ ಮೇಲೆ ಆಗುತ್ತಲ್ಲ ಹಂಗೆ. ಒತ್ತಿದ್ರೆ ಬಗ್ಗಲ್ಲ, ಸೀಳುತ್ತೆ, ಸೀಳು ಎಷ್ಟು ವೇಗವಾಗಿ ಓಡುತ್ತೆ ಅಂದ್ರೆ ಅದೇ ಕಟುಂ ಅನ್ನೋ ಸಪ್ಪಳ. ಸ್ವಲ್ಪ ನೀರು ಒಳಗೆ ಹೋದ್ರೆ ಆ ಅಣುಗಳ ನಡುವೆ ಸೇರ್ಕೊಂಡು ಜಾರೋಕೆ ಜಾಗ ಮಾಡಿಕೊಡುತ್ತೆ, ಗಾಜು ರಬ್ಬರ್ ಆಗುತ್ತೆ, ಸಪ್ಪಳ ಸಾಯುತ್ತೆ. ಅಂದ್ರೆ ಅತ್ತಿ ಕಿವಿಯಿಂದ ಪರೀಕ್ಷೆ ಮಾಡಿದ್ದು ಪಕ್ಕಾ ವಿಧಾನ. ಮಾಸ್ಸಿಮಿಲಿಯಾನೋ ಝಾಂಪಿನಿ, ಚಾರ್ಲ್ಸ್ ಸ್ಪೆನ್ಸ್ ಅನ್ನೋ ಇಬ್ಬರು ಸಂಶೋಧಕರು 2004ರಲ್ಲಿ ಆಲೂ ಚಿಪ್ಸ್ ಕಚ್ಚೋರ ಕಿವಿಗೆ ಹೆಡ್‌ಫೋನ್ ಹಾಕಿ ಅವರು ಕಚ್ಚೋ ಸದ್ದನ್ನೇ ಹೆಚ್ಚುಕಮ್ಮಿ ಮಾಡಿ ಕೇಳಿಸಿದ್ರು, ಸದ್ದು ಜೋರು ಮಾಡಿದಾಗ ಚಿಪ್ಸ್ ಹೆಚ್ಚು ಗರಿಗರಿ ಅಂದ್ರಂತೆ ಜನ. 2008ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸೋಕೆ ಹಚ್ಚೋ ಸಂಶೋಧನೆಗೆ ಕೊಡೋ ತಮಾಷೆ ಬಹುಮಾನ ಅದು. ಅತ್ತಿಗೆ ಯಾರೂ ಏನೂ ಕೊಡಲಿಲ್ಲ.

ಎರಡನೇ ಬ್ಯಾಚ್ ಕಟಕಟ ಅಂತಿತ್ತು. ಅದನ್ನ ಖುಷಿಯಲ್ಲಿ ತಟ್ಟೆಯಲ್ಲಿ ಹಂಗೇ ಬಿಟ್ಟು ಮಲಗಿದೆ, ರಾತ್ರಿ ಮಳೆ, ಬೆಳಿಗ್ಗೆ ಮತ್ತೆ ಮೆತ್ತಗೆ! ಈ ಸಲ ತಪ್ಪು ಗಾಳಿದು. ತಿನಿಸಿನಲ್ಲಿ ಎಷ್ಟು ನೀರಿದೆ ಅನ್ನೋದಕ್ಕಿಂತ ಆ ನೀರು ಎಷ್ಟು ಬಿಡುವಾಗಿ ಓಡಾಡುತ್ತೆ ಅನ್ನೋದು ಮುಖ್ಯ, ಅದಕ್ಕೆ ವಾಟರ್ ಆಕ್ಟಿವಿಟಿ ಅಂತ 0ಯಿಂದ 1ರ ತನಕ ಅಳತೆ ಇದೆ, ಶುದ್ಧ ನೀರು 1, ಬ್ರೆಡ್ 0.95ರ ಹತ್ರ. 0.6ಕ್ಕಿಂತ ಕೆಳಗೆ ಬೂಸ್ಲಾಗಲಿ ಬ್ಯಾಕ್ಟೀರಿಯಾ ಆಗಲಿ ಬೆಳೆಯೋದಿಲ್ಲ. ಗರಿಗರಿಗೆ ಅಷ್ಟು ಸಾಕಾಗಲ್ಲ, ಕಾಟ್ಜ್ ಮತ್ತು ಲಬೂಝಾ ಅನ್ನೋ ಆಹಾರ ವಿಜ್ಞಾನಿಗಳು 1981ರಲ್ಲಿ ಚಿಪ್ಸ್, ಪಾಪ್‌ಕಾರ್ನ್ ಇಂಥವನ್ನ ಪರೀಕ್ಷೆ ಮಾಡಿ 0.35ರಿಂದ 0.5ರ ನಡುವೆ ಎಲ್ಲೋ ಗರಿ ಹೋಗುತ್ತೆ ಅಂತ ತೋರಿಸಿದ್ರು. ಈಗ ಕೇಳಿ, ಇದು ನಮ್ಮೂರಿಗೆ ಸಂಬಂಧ ಪಟ್ಟಿದ್ದು. ತಿನಿಸನ್ನ ಬಯಲಲ್ಲಿಟ್ರೆ ಅದರ ವಾಟರ್ ಆಕ್ಟಿವಿಟಿ ಕೊನೆಗೆ ಹೊರಗಿನ ಗಾಳಿಯ ಆರ್ದ್ರತೆಗೆ ಸಮ ಆಗುತ್ತೆ, ಆರ್ದ್ರತೆ ಶೇ 70 ಇದ್ರೆ 0.7, ಶೇ 30 ಇದ್ರೆ 0.3. ಬಳ್ಳಾರಿ ಏಪ್ರಿಲ್ ಮಧ್ಯಾಹ್ನ ತುಟಿ ಬಿರಿಯೋ ಬಿಸಿಲು, 40 ಡಿಗ್ರಿ, ಆರ್ದ್ರತೆ ಶೇ 30ಕ್ಕಿಂತ ಕೆಳಗೆ ಇಳಿಯೋದು ಮಾಮೂಲು. ಅಂದ್ರೆ ಆ ಬಿಸಿಲಲ್ಲಿ ಬಿಸ್ಕಾಟಿನ ಮುಚ್ಚಳ ಇಲ್ಲದೆ ಇಟ್ರೂ ಗಾಳಿನೇ ಅದನ್ನ ಗರಿ ಇಟ್ಕೊಳ್ಳುತ್ತೆ! ಈ ವರ್ಷ ಏಪ್ರಿಲಲ್ಲಿ ನೋಡೇ ಬಿಟ್ಟೆ, ಮೂರು ದಿನ ಬರೀ ಜಾಳಿಗೆ ಮುಚ್ಚಿ ಇಟ್ಟಿದ್ದು ಹಂಗೇ ಇತ್ತು. ಕೊಪ್ಪಳ ರಾಯಚೂರು ಸೀಮೆಯಲ್ಲಿ ಬುಟ್ಟಿಗಟ್ಟಲೆ ಖಡಕ್ ರೊಟ್ಟಿ ಬಟ್ಟೆ ಸುತ್ತಿ ಇಡೋದಕ್ಕೆ ಬೆಳೆ ಒಂದೇ ಕಾರಣ ಅಲ್ಲ, ಗಾಳಿನೂ ಕಾರಣ ಅಂತ ನನ್ನ ಅನಿಸಿಕೆ.

ಇಲ್ಲೇ ಒಂದು ಮಾತು. ಬ್ರೆಡ್ ಮೂರು ದಿನಕ್ಕೆ ಗಟ್ಟಿ ಆಗೋದು ಒಣಗಿ ಅಲ್ಲ. 1852ರಲ್ಲೇ ಫ್ರಾನ್ಸಿನ ಬೂಸ್ಸೆಂಗೋ ಅನ್ನೋ ರಸಾಯನ ವಿಜ್ಞಾನಿ, ನೀರು ಹೋಗದಂಗೆ ಮುಚ್ಚಿಟ್ರೂ ಬ್ರೆಡ್ ಹಳಸಲಾಗುತ್ತೆ ಅಂತ ತೋರಿಸಿದ್ರು. ಬೆಂದ ಪಿಷ್ಟ ಮತ್ತೆ ಸಾಲುಗಟ್ಟಿ ಬಿಗಿಯೋದು ಅದು, ಫ್ರಿಡ್ಜಲ್ಲಿಟ್ರೆ ಇನ್ನೂ ಬೇಗ. ಸಜ್ಜಿ ಹಿಟ್ಟಿನ ಕಥೆನೂ ಬೇರೆ: ಬೀಸಿದ ನಾಲ್ಕೈದು ದಿನಕ್ಕೆ ಕಮಟು, ಯಾಕಂದ್ರೆ ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಆ ಎಣ್ಣೆನ ಒಡೆಯೋ ಲೈಪೇಸ್ ಅನ್ನೋ ಕಿಣ್ವನೂ ಜೊತೆಗೇ ಇದೆ. ಹಂಚಿನ ಬಿಸಿಗೆ ಆ ಕಿಣ್ವ ಕೆಡುತ್ತೆ, ಹಂಗಾಗಿ ಹಿಟ್ಟು ತಡೆಯದಿದ್ರೂ ರೊಟ್ಟಿ ತಡೆಯುತ್ತೆ. ಹಳೇ ಥರದ ಕಾಂಟುಚ್ಚಿಗೆ ಬೆಣ್ಣೆ ಹಾಕದೇ ಇರೋದೂ ಬಾಳಿಕೆಗೆ ಒಳ್ಳೇದೇ, ನಾನು ಒಂದು ಸಲ ಎರಡು ಚಮಚ ತುಪ್ಪ ಹಾಕಿ ತಿಂಗಳು ಬಿಟ್ಟು ಮೂಸಿ ನೋಡಿದೆ, ಬೇಡ.

ಮಸಾಲೆಗೆ ಬರ್ತೀನಿ. ಬೇಯುವಾಗ ಮನೆ ತುಂಬ ಯಾಲಕ್ಕಿ ಘಮ ಬಂದ್ರೆ ಖುಷಿ ಆಗುತ್ತೆ, ಆದ್ರೆ ಮನೆಗೆ ಬಂದ ಘಮ ಬಿಸ್ಕಾಟಿಯಿಂದ ಕಳೆದ ಘಮ. ಯಾಲಕ್ಕಿಗೆ ಘಮ ಕೊಡೋ ಸಿನಿಯೋಲ್ ಅನ್ನೋ ಅಂಶ 176 ಡಿಗ್ರಿಗೆ ಕುದಿಯುತ್ತೆ, ಲವಂಗದ ಯೂಜಿನಾಲ್ 254ಕ್ಕೆ, ಆದ್ರೆ ಅಷ್ಟು ಬಿಸಿ ಬೇಕೇ ಬೇಕು ಅಂತಿಲ್ಲ, ನೀರಿನ ಆವಿ ಹೋಗ್ತಾ ಇವನ್ನೂ ಕೈ ಹಿಡಿದು ಕರ್ಕೊಂಡು ಹೋಗುತ್ತೆ, ಲವಂಗದೆಣ್ಣೆ ಭಟ್ಟಿ ಇಳಿಸೋದು ಇದೇ ದಾರಿಯಲ್ಲಿ. ಎರಡು ಸಲ ಬೇಯಿಸಿ 98 ಗ್ರಾಂ ನೀರು ಓಡಿಸೋ ತಿನಿಸಿಗೆ ಇದು ದೊಡ್ಡ ಏಟು. ಅದಕ್ಕೆ ಕೇಕಿಗೆ ಹಾಕೋದಕ್ಕಿಂತ ಒಂದೂವರೆ ಪಟ್ಟು ಹಾಕ್ತೀನಿ, ನುಣ್ಣಗೆ ಪುಡಿ ಮಾಡಲ್ಲ, ಕುಟ್ಟಾಣಿಯಲ್ಲಿ ತರಿತರಿ ಕುಟ್ಟಿ ಹಾಕಿದ್ರೆ ತುಣುಕಿನೊಳಗೆ ಎಣ್ಣೆ ಉಳ್ಕೊಂಡು ಹಲ್ಲಿಗೆ ಸಿಕ್ಕಾಗ ಬಿಡುತ್ತೆ. ಬಡೆಸೋಪು ನನಗೆ ಎಲ್ಲಕ್ಕಿಂತ ಇಷ್ಟ, ಇಟಲಿಯಲ್ಲಿ ಬಿಸ್ಕಾಟಿಗೆ ಹಾಕೋ ಅನೀಸ್ ಕಾಳಿನ ಘಮಕ್ಕೂ ನಮ್ಮ ಬಡೆಸೋಪಿನ ಘಮಕ್ಕೂ ಒಂದೇ ಅಣು, ಅನೆಥೋಲ್, ಹಂಗಾಗಿ ಇದು ಜುಗಾಡ್ ಏನಲ್ಲ. ಮೆಣಸಿನ ಖಾರ ಪೈಪರಿನ್‌ದು, ಅದು ಆವಿ ಆಗಿ ಹಾರೋ ಜಾತಿ ಅಲ್ಲ, ಎಷ್ಟು ಬೇಯಿಸಿದ್ರೂ ಕೂತಲ್ಲೇ ಕೂತಿರುತ್ತೆ, ಯಾಲಕ್ಕಿ ಲೆಕ್ಕದಲ್ಲಿ ಮೆಣಸು ಹೆಚ್ಚಿಸಿದ್ರೆ ಕೆಟ್ರಿ. ಶುಂಠಿ ಇನ್ನೂ ತಮಾಷೆ: ಹಸಿ ಶುಂಠಿಯಲ್ಲಿ ಖಾರ ಕೊಡೋದು ಜಿಂಜರಾಲ್, ಒಣಗಿದ್ರೆ ಅದು ನೀರು ಕಳ್ಕೊಂಡು ಶೋಗಾಲ್ ಆಗುತ್ತೆ, ಇನ್ನೂ ಖಾರ. ಶೋಗಾ ಅಂದ್ರೆ ಜಪಾನಿಯಲ್ಲಿ ಶುಂಠಿ. ಬಿಸಿಗೆ ಒಂದಿಷ್ಟು ಜಿಂಜರೋನ್ ಆಗುತ್ತೆ, ಅದು ಮೆಲು, ಸಿಹಿ ವಾಸನೆ.

ಕುಯ್ಯೋದು ಯಾವಾಗ ಅಂತ ಎಲ್ಲರೂ ಕೇಳ್ತಾರೆ. ಬಿಸಿ ಇದ್ದಾಗ ಕುಯ್ದ್ರೆ ಒಳಗೆ ಇನ್ನೂ ಮೆತ್ತಗಿದ್ದು ಪುಡಿಪುಡಿ, ಪೂರ್ತಿ ಆರಿದ್ರೆ ಮೇಲ್ಪದರ ಗಾಜಾಗಿ ಚಾಕು ಇಟ್ಟಲ್ಲಿ ಸಿಡಿಯುತ್ತೆ, ಶೇಂಗಾ ಕಿತ್ಕೊಂಡು ಬರುತ್ತೆ. ಹದಿನೈದು ನಿಮಿಷ ಬಿಟ್ಟು, ಬ್ರೆಡ್ ಕುಯ್ಯೋ ಹಲ್ಲಿನ ಚಾಕುವಿನಲ್ಲಿ ಗರಗಸದಂಗೆ, ಒತ್ತದೆ.

ಮೊನ್ನೆ ಮತ್ತೆ ಮಳೆ ಹಿಡೀತು, ನನ್ನ ಡಬ್ಬಿಯ ಬಿಸ್ಕಾಟಿ ಮೆತ್ತಗಾಗಿತ್ತು. 130 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ತೆಗೆದು ಆರಿದ ಮೇಲೆ ಅತ್ತಿ ಮುಂದೆ ಮುರಿದು ಸಪ್ಪಳ ಕೇಳಿಸ್ದೆ. ಅವರು ಏನೂ ಅನ್ನಲಿಲ್ಲ, ಒಳಗೆ ಹೋಗಿ ಬಟ್ಟೆಗಂಟು ತಂದ್ರು, ಅವರ ಸಜ್ಜಿ ರೊಟ್ಟಿನೂ ಥಂಡಿ ಹಿಡಿದು ಬಗ್ಗುತ್ತಿತ್ತು. ನಾನು ಟ್ರೇ ಎಳೆದೆ.

"ಏ, ಆ ಮೊಟ್ಟಿ ತಟ್ಟಿ ಬ್ಯಾಡ, ಹೊಸಾದು ತಗಿ," ಅಂದ್ರು. "ಮತ್ತ ಉರಿ ಸಣ್ಣಗ ಇಡವಾ, ಸುಟ್ಟುಗಿಟ್ಟಿ."