ಓದುಗರ ಪ್ರಶ್ನೆ: ಜೀಪಿನ ಕಬ್ಬಿಣದ ಬಂಪರಿಗೆ ಎಷ್ಟು ಎಂಎಂ ಶೀಟು ಹಾಕಿಸಬೇಕು?

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಅಡಿಕೆ ತೋಟ. ತೋಟಕ್ಕೆ, ಬೆಟ್ಟಕ್ಕೆ ಓಡಾಡೋಕೆ ಒಂದು ಹಳೇ ಫೋರ್ ವೀಲ್ ಜೀಪಿದೆ. ಮಳೆಗಾಲದಲ್ಲಿ ಹೂತುಕೊಂಡ್ರೆ ಟ್ರ್ಯಾಕ್ಟರ್ ಕರೆಸಿ ಎಳೆಸಬೇಕು. ಮುಂದೆ ಒಂದು ಗಟ್ಟಿ ಬಂಪರ್ ಮಾಡಿಸಿ, ಆಮೇಲೆ ಅದಕ್ಕೇ ವಿಂಚ್ (ಹಗ್ಗ ಸುತ್ತಿಕೊಂಡು ಗಾಡಿ ಎಳೆಯೋ ಮೋಟಾರು) ಕೂರಿಸೋಣ ಅಂತ ಯೋಚನೆ. ವೆಲ್ಡಿಂಗ್ ಶಾಪಿನವರೊಬ್ಬರು 3 ಎಂಎಂ ಶೀಟು ಸಾಕು ಅಂತಾರೆ, ಇನ್ನೊಬ್ಬರು 5 ಎಂಎಂ ಇಲ್ದೇ ಆಗೋದೇ ಇಲ್ಲ ಅಂತಾರೆ. ಯಾರ ಮಾತು ಕೇಳೋಣ?

ಉತ್ತರ: 3 ಎಂಎಂ ಅಂದವರ ಮಾತು ಕೇಳಿ. ಹೊರಗೆ ಕಾಣುವ ಶೀಟಿಗೆ ಅಷ್ಟು ಸಾಕು. ಆದ್ರೆ ಕೆಲಸ ಒಪ್ಪಿಸೋ ಮೊದಲು ಅವರಿಗೆ ಇನ್ನೊಂದು ಪ್ರಶ್ನೆ ಹಾಕಿ. ಟ್ರ್ಯಾಕ್ಟರ್ ಎಳೆದಾಗ ಆ ಎಳೆತ ಬಂಪರಿನ ಕೊಂಡಿಯಿಂದ ಚಾಸಿಗೆ, ಅಂದ್ರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಹೋಗೋದು ಯಾವ ದಾರಿಯಲ್ಲಿ? ಜೀಪಿನ ಮುಂದೆ ಕೂತು, ಬೆರಳಿಟ್ಟು ತೋರಿಸಿದ್ರೆ ಅವರ ಕೈಗೆ ಕೆಲಸ ಕೊಡಬಹುದು. ಕಿತ್ತುಬಂದ ಬಂಪರುಗಳನ್ನ ನೋಡಿ, ಶೀಟು ಹರಿದಿರೋದು ಕಡಿಮೆ. ಕೊಂಡಿಯನ್ನ ಸುಮ್ನೆ ಶೀಟಿನ ಮುಖಕ್ಕೆ ವೆಲ್ಡ್ ಮಾಡಿರ್ತಾರೆ, ಇಲ್ಲಾ ಇಡೀ ಬಂಪರನ್ನ ಎರಡು ಬೋಲ್ಟಿಗೆ ನೇತುಹಾಕಿರ್ತಾರೆ.

ದಪ್ಪ ಜಾಸ್ತಿಯಾದ್ರೆ ಒಳ್ಳೇದೇ ಅಲ್ವಾ ಅಂತ ನೀವು ಕೇಳಬಹುದು. ತೂಕದ ಲೆಕ್ಕ ನೋಡಿ. ಒಂದು ಚದರ ಮೀಟರ್ ಕಬ್ಬಿಣದ ಶೀಟು 1 ಎಂಎಂ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. ಬಂಪರಿಗೆ ಒಂದು ಚದರ ಮೀಟರ್ ಹಿಡೀತು ಅಂದುಕೊಳ್ಳಿ. 3 ಎಂಎಂ ಆದ್ರೆ 24 ಕೆಜಿ ಒಳಗೆ ಮುಗೀತು, 5 ಎಂಎಂ ಆದ್ರೆ 39 ದಾಟುತ್ತದೆ. ಬಂಪರನ್ನ ಚಾಸಿಗೆ ಹಿಡಿಯುವ ಬ್ರಾಕೆಟ್ಟು ಬೇರೆ, ವಿಂಚ್ ಬೇರೆ. ಈ ಭಾರವೆಲ್ಲ ಮುಂದಿನ ಆಕ್ಸಲ್‌ಗಿಂತ ಆಚೆ ಕೂರುತ್ತದೆ, ತೊಂದರೆ ಇರೋದು ಅಲ್ಲಿ. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 2.4 ಮೀಟರ್ ಇದ್ದು, ಬಂಪರ್ ಆಕ್ಸಲ್‌ನಿಂದ 60 ಸೆಂಟಿಮೀಟರ್ ಮುಂದಿದ್ರೆ, ಬಂಪರ್, ಬ್ರಾಕೆಟ್ಟು, ವಿಂಚ್ ಎಲ್ಲ ಸೇರಿ ನೀವು ಹಾಕಿದ 60 ಕೆಜಿ ಮುಂದಿನ ಆಕ್ಸಲ್ ಮೇಲೆ 75 ಕೆಜಿಯಾಗಿ ಬೀಳುತ್ತದೆ. ಹಿಂದಿನ ಆಕ್ಸಲ್‌ನಿಂದ 15 ಕೆಜಿ ಎದ್ದುಹೋಗುತ್ತದೆ. ಹಿಂದೆ ಹಗುರಾದ ಜೀಪು ಕೆಸರಿನ ಏರಿನಲ್ಲಿ ಚಕ್ರ ತಿರುಗಿಸುತ್ತಾ ನಿಲ್ಲುತ್ತದೆ, ಮುಂದೆ ಭಾರವಾದದ್ದು ಮೂತಿ ಹೂಳುತ್ತದೆ. ಮುಂದಿನ ಲೀಫ್ ಸ್ಪ್ರಿಂಗ್ ಹಳೇದಾಗಿದ್ರಂತೂ ಕೇಳೋದೇ ಬೇಡ.

ವಿನ್ಯಾಸಕ್ಕೆ ಹೋಗೋ ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಯಾಕಂದ್ರೆ ವೆಲ್ಡಿಂಗ್ ಶಾಪಿನಲ್ಲಿ ಇದನ್ನ ಯಾರೂ ಹೇಳೋಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನ ಬದಲಾಯಿಸುವ ಹಾಗಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದದ್ದು ಇದೇ ಕಲಮಿನ ಆಧಾರದ ಮೇಲೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಿದೆ. ಜೀಪು ನಿಮ್ಮ ತೋಟದ ಬೇಲಿಯೊಳಗೇ ಓಡಾಡೋದಾದ್ರೆ ಮಾತು ಬೇರೆ. ಅಡಿಕೆ ಮೂಟೆ ಹೇರಿಕೊಂಡು ಶಿರಸಿ ಪೇಟೆಗೂ ಬರೋದಾದ್ರೆ ಬಂಪರಿನ ಆಸೆ ಬಿಡಿ. ಎಳೆಯೋಕೆ ಕಂಪನಿಯೇ ಕೊಟ್ಟ ಹುಕ್ ಬಳಸಿ, ಅದನ್ನ ಹಿಡಿದ ಬೋಲ್ಟು, ಅದರ ಸುತ್ತಲಿನ ಚಾಸಿ ತುಕ್ಕು ತಿಂದಿದೆಯಾ ನೋಡಿಸಿ. ನಿಮ್ಮ ಮಳೆಗಾಲದ ಕಷ್ಟಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಏರ್‌ಬ್ಯಾಗ್ ಇರುವ ಹೊಸ ಥಾರ್, ಜಿಮ್ನಿ ಇಟ್ಟುಕೊಂಡವರೂ ಇದನ್ನ ಓದ್ತಿರಬಹುದು. ಅವರಿಗೆ ನನ್ನ ಉತ್ತರ ನೇರವಾಗಿ ಬೇಡ ಅಂತಲೇ. ಆ ಪ್ಲಾಸ್ಟಿಕ್ ಬಂಪರಿನ ಹಿಂದೆ ಗುದ್ದಿದಾಗ ಮಡಚಿಕೊಳ್ಳಲಿ ಅಂತಲೇ ಮಾಡಿದ ಭಾಗ ಇರುತ್ತದೆ. ಗಾಡಿ ಎಷ್ಟು ಬೇಗ ನಿಧಾನವಾಯ್ತು ಅನ್ನೋದನ್ನ ಅಳೆದು ಸೆನ್ಸರ್ ಏರ್‌ಬ್ಯಾಗ್ ಬಿಚ್ಚುತ್ತದೆ. ಅಲ್ಲಿ ಮಡಚದ ಕಬ್ಬಿಣ ತಂದಿಟ್ರೆ ಆ ಲೆಕ್ಕವೇ ತಪ್ಪುತ್ತದೆ. ಕುಮಟಾ, ಗೋಕರ್ಣದ ರಸ್ತೆಯಲ್ಲಿ ಸ್ಕೂಟರಿನವರು, ನಡ್ಕೊಂಡು ಹೋಗೋರು ಎಷ್ಟು ಜನ ಇರ್ತಾರೆ ಅನ್ನೋದೂ ನಿಮಗೆ ಗೊತ್ತು. ಕಬ್ಬಿಣದ ಅಂಚು ದೊಡ್ಡವರ ತೊಡೆಗೆ ತಾಗಿದ್ರೆ ಮಕ್ಕಳ ಎದೆಗೆ ತಾಗುತ್ತದೆ.

ಇನ್ನು ತೋಟದೊಳಗಿನ ಜೀಪಿಗೆ ಬರೋಣ. ಎಳೆತ ಎಷ್ಟಿರುತ್ತದೆ ಅನ್ನೋದರಿಂದ ಶುರು ಮಾಡಬೇಕು. ಆಕ್ಸಲ್‌ವರೆಗೆ ಹೂತ ಗಾಡಿಯನ್ನ ಅಲುಗಾಡಿಸೋಕೆ ಅದರ ತೂಕದಷ್ಟೇ ಎಳೆತ ಬೇಕಾಗಬಹುದು, ಏರಿದ್ರೆ ಇನ್ನೂ ಜಾಸ್ತಿ. ಸರಪಳಿ ಸಡಿಲ ಬಿಟ್ಟು ಟ್ರ್ಯಾಕ್ಟರ್ ಗಕ್ಕನೆ ಎಳೆದ್ರೆ ಆ ಏಟು ಇದನ್ನೆಲ್ಲ ಮೀರಿಸುತ್ತದೆ. ಮಿಣಿಯಾದ್ರೂ ಸ್ವಲ್ಪ ಜಗ್ಗುತ್ತದೆ, ಸರಪಳಿ ಜಗ್ಗೋದೇ ಇಲ್ಲ. ವಿಂಚ್ ಆರಿಸೋಕೆ ಎಲ್ಲರೂ ಹೇಳೋ ಲೆಕ್ಕ, ಸಾಮಾನು ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು. 2 ಟನ್ ಜೀಪಿಗೆ 3 ಟನ್ ಸಾಕು. ಆದ್ರೆ ಅಂಗಡಿಯಲ್ಲಿ ಜಾಸ್ತಿ ಕಾಣೋದು 9,500 ಪೌಂಡಿನದು, ಅಂದ್ರೆ 4.3 ಟನ್. ಬ್ರಾಕೆಟ್ಟು ತಡೆದುಕೊಳ್ಳಬೇಕಾದ್ದು ಈ 4.3 ಟನ್ನನ್ನ. ಮರಕ್ಕೆ ಕಟ್ಟಿದ ಹಗ್ಗವನ್ನ ವಿಂಚ್ ಎಳೆಯುವಾಗ ಜೀಪು ಹಗುರ ಅಂತ ಅದು ಕನಿಕರ ತೋರಿಸೋಲ್ಲ.

ಹಾಗಾಗಿ ದುಡ್ಡು, ದಪ್ಪ ಎರಡನ್ನೂ ಹಿಂದಿನ ಬ್ರಾಕೆಟ್ಟಿಗೆ ಹಾಕಿ. ಚಾಸಿಯ ಎರಡೂ ತುದಿಗೆ 8 ಎಂಎಂ ಪ್ಲೇಟು ಕತ್ತರಿಸಿ, ಚಾಸಿಯ ಎರಡು ಮಗ್ಗುಲನ್ನೂ ಹಿಡಿಯುವ ಹಾಗೆ ಕೂರಿಸಬೇಕು. ಒಂದೊಂದು ಕಡೆಗೆ 12 ಎಂಎಂನ ನಾಲ್ಕು ಬೋಲ್ಟು. ಬೋಲ್ಟಿನ ತಲೆ ಮೇಲೆ ಅದರ ಬಲ ಹೇಳುವ 8.8 ಅಂತ ಅಂಕಿ ಇರಲಿ, ಅಂಕಿ ಇಲ್ಲದ ಬೋಲ್ಟು ಗೇಟಿಗೆ ಸಾಕು, ಇದಕ್ಕೆ ಬೇಡ. ಚಾಸಿ ನಾಲ್ಕೂ ಕಡೆ ಮುಚ್ಚಿದ ಬಾಕ್ಸ್ ಆಗಿದ್ರೆ ಅಡ್ಡ ತೂತು ಕೊರೆದು ಬೋಲ್ಟು ಬಿಗಿದಾಗ ಎರಡೂ ಗೋಡೆ ಒಳಗೆ ಒತ್ತಿಕೊಳ್ಳುತ್ತವೆ. ಸ್ಪ್ಯಾನರಿಗೆ ಬಿಗಿಯಾದ ಹಾಗೆ ಅನಿಸುತ್ತದೆ, ಒಂದೆರಡು ಮಳೆಗಾಲದಲ್ಲಿ ಸಡಿಲ. ಅದಕ್ಕೆ ಬೋಲ್ಟು ಹಾಯುವ ಜಾಗದಲ್ಲಿ, ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುವ ದಪ್ಪ ಪೈಪಿನ ತುಂಡು ಇಡಿಸಿ.

ಕೊಂಡಿಗೆ 16ರಿಂದ 20 ಎಂಎಂ ಪ್ಲೇಟು. ಅದು ಮುಂದಿನ ಶೀಟಿನಲ್ಲಿ ಕೊರೆದ ಸೀಳಿನ ಮೂಲಕ ಒಳಗೆ ಹೋಗಿ, ಬ್ರಾಕೆಟ್ಟಿನ ಪ್ಲೇಟಿಗೆ ಒತ್ತಿಕೊಂಡು ಮಲಗಬೇಕು. ಅಲ್ಲಿ ಉದ್ದಕ್ಕೆ ವೆಲ್ಡ್. ಸರಿಯಾಗಿ ಹಾಕಿದ 6 ಎಂಎಂ ವೆಲ್ಡ್ 100 ಎಂಎಂ ಉದ್ದಕ್ಕೆ ಸುಮಾರು 4 ಟನ್ ನಂಬಿಕೆಯಿಂದ ಹೊರುತ್ತದೆ. ಎರಡೂ ಮಗ್ಗುಲಿಗೆ ಹಾಕಿಸಿದ್ರೆ ನೆಮ್ಮದಿ. ಕೊಂಡಿಗೆ ಸಿಕ್ಕಿಸುವ ಮುಕ್ಕಾಲು ಇಂಚಿನ ಬೋ ಶ್ಯಾಕಲ್ (ಪಿನ್ನು ಹಾಕಿ ಮುಚ್ಚುವ ಕಬ್ಬಿಣದ ಬಳೆ) ಹೊರುವ ಭಾರ 4.75 ಟನ್, ಅದರ ಪಿನ್ನು 22 ಎಂಎಂ. ಆ ಪಿನ್ನು ಹಾಯುವ ತೂತಿನ ಅಂಚಿನಿಂದ ಕೊಂಡಿ ಪ್ಲೇಟಿನ ಅಂಚಿಗೆ ಕಡಿಮೆ ಅಂದ್ರೂ 25 ಎಂಎಂ ಕಬ್ಬಿಣ ಉಳೀಬೇಕು. ಇಷ್ಟಾದ್ರೆ ಮುಂದಿನ ಶೀಟು ಕಾಯೋದು ಕಲ್ಲು, ದರೆ, ಕೊಂಬೆಗಳಿಂದ ಮಾತ್ರ. ಆ ಕೆಲಸಕ್ಕೆ 3 ಎಂಎಂ ಧಾರಾಳ.

ವೆಲ್ಡಿಂಗ್ ರಾಡಿನ ವಿಚಾರ ನಮ್ಮ ಜಿಲ್ಲೆಗೆ ಸ್ವಲ್ಪ ಬೇರೆ. ಕಿಟಕಿ, ಗೇಟು ಮಾಡುವ ಶಾಪುಗಳಲ್ಲಿ ಸಾಮಾನ್ಯವಾಗಿ ಇರೋದು 6013 ರಾಡು. ಶೀಟಿಗೆ ಅದು ಸರಿ. ಬ್ರಾಕೆಟ್ಟು, ಕೊಂಡಿಗೆ 7018 ಕೇಳಿ, ಅದರ ಜೋಡಣೆ ಏಟಿಗೆ ಸುಲಭವಾಗಿ ಬಿರಿಯೋಲ್ಲ. ಆದ್ರೆ ಈ ರಾಡಿಗೆ ತೇವ ಆಗಿಬರೋದೇ ಇಲ್ಲ. ಪೊಟ್ಟಣ ಒಡೆದು ಆಷಾಢದ ಗಾಳಿಗೆ ಇಟ್ರೆ ಕೆಲವೇ ಗಂಟೆಗಳಲ್ಲಿ ತೇವ ಎಳೆದುಕೊಳ್ಳುತ್ತದೆ. ಆ ತೇವದ ಹೈಡ್ರೋಜನ್ ವೆಲ್ಡಿನೊಳಗೆ ಸೇರಿ, ಹೊರಗೆ ಕಾಣದ ಬಿರುಕು ಬಿಡಿಸುತ್ತದೆ. ಅಡಿಕೆ ಬೇಯಿಸೋ ಒಲೆ ಹತ್ತಿರ ಇಟ್ಟು ಬೆಚ್ಚಗೆ ಮಾಡಿದ್ರೆ ಸಾಲೋಲ್ಲ, ಅದನ್ನ ಒಣಗಿಸೋಕೆ ಸುಮಾರು 300 ಡಿಗ್ರಿಯ ಓವನ್ ಬೇಕು. ಓವನ್ ಇಲ್ಲದ ಕಡೆ ಹೊಸ ಪೊಟ್ಟಣ ಒಡೆದ ದಿನವೇ ಬ್ರಾಕೆಟ್ಟಿನ ಕೆಲಸ ಮುಗಿಸಿ. ಏಪ್ರಿಲ್, ಮೇನಲ್ಲಿ ಮಾಡಿಸಿದ್ರೆ ಇನ್ನೂ ಒಳ್ಳೇದು.

ಅಳತೆಗೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ, ಕತ್ತರಿ, ಟೇಪು ಸಾಕು. ರಟ್ಟಿನಲ್ಲಿ ಪೂರ್ತಿ ಬಂಪರ್ ಮಾಡಿ ಜೀಪಿಗೆ ಕಟ್ಟಿ ನೋಡಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಒಂದು ಮುಂಚಕ್ರವನ್ನ ಜಾಕ್ ಕೊಟ್ಟು ಮೇಲೆತ್ತಿ ಮತ್ತೆ ತಿರುಗಿಸಿ. ಟೈರು ರಟ್ಟಿಗೆ ತಾಗಿದ್ರೆ ತುದಿ ಕತ್ತರಿಸಿ. ಚಕ್ರದ ಮುಂದೆ ಬಂಪರ್ ಮೇಲಕ್ಕೆ ಹತ್ತಿದ ಹಾಗಿದ್ರೆ ಹಳ್ಳ ದಾಟಿ ಎದುರು ದಡ ಹತ್ತುವಾಗ ಮೂತಿ ತಾಗೋಲ್ಲ. ಮೂತಿ ತಾಗದೆ ಗಾಡಿ ಹತ್ತಬಲ್ಲ ಏರಿನ ಕೋನಕ್ಕೆ ಅಪ್ರೋಚ್ ಆಂಗಲ್ ಅಂತಾರೆ, ಜಿಮ್ನಿಗೆ ಕಂಪನಿ ಹೇಳುವುದು 36 ಡಿಗ್ರಿ. ಚಂದಕ್ಕೆ ಅಂತ ಕೆಳಗಿಳಿಸಿದ ಬಂಪರ್ ಇಂಥದ್ದನ್ನೇ ತಿಂದುಹಾಕುತ್ತದೆ.

ಗ್ರಿಲ್ಲಿಗೂ ಬಂಪರಿಗೂ ನಡುವೆ 15ರಿಂದ 20 ಎಂಎಂ ಸಂದು ಬಿಡಿ. ಬಂಪರ್ ಚಾಸಿಗೆ ಬಿಗಿದಿರುತ್ತದೆ, ಬಾಡಿ ರಬ್ಬರ್ ಮೇಲೆ ಕೂತಿರುತ್ತದೆ. ಅಗಳ ದಾಟುವಾಗ ಎರಡೂ ಬೇರೆ ಬೇರೆ ಕಡೆಗೆ ತಿರುಚಿಕೊಳ್ಳುತ್ತವೆ. ಸಂದೇ ಇಲ್ಲದಿದ್ರೆ ಮಡ್‌ಗಾರ್ಡಿನ ಬಣ್ಣ ಮೊದಲು ಹೋಗುತ್ತದೆ, ಆಮೇಲೆ ತಗಡು. ರೇಡಿಯೇಟರಿನ ಮುಂದೆ ಗಾಳಿಗೆ ದಾರಿ ಬಿಡಿ, ದೊಡ್ಡ ಲೈಟುಗಳ ಸಾಲನ್ನ ಅಲ್ಲಿ ಕೂರಿಸಬೇಡಿ. ದೇವಿಮನೆ ಘಟ್ಟದಂಥ ಏರನ್ನ ಎರಡನೇ ಗೇರಿನಲ್ಲಿ ಹತ್ತುವಾಗ ಎಂಜಿನ್ನಿಗೆ ಆ ಗಾಳಿಯೇ ಜೀವ.

ಪೂರ್ತಿ ವೆಲ್ಡನ್ನ ಜೀಪಿನ ಮೇಲೇ ಮಾಡಿಸಬೇಡಿ. ಬ್ಯಾಟರಿ ಬಿಚ್ಚಿ, ರೇಡಿಯೇಟರಿಗೆ ಒದ್ದೆ ಗೋಣಿ ಮುಚ್ಚಿ, ಅಲ್ಲಲ್ಲಿ ಟ್ಯಾಕ್ (ಜಾಗ ಕದಲದ ಹಾಗೆ ಚುಕ್ಕಿ ವೆಲ್ಡ್) ಹಾಕಿಸಿ. ಎರಡು ಬ್ರಾಕೆಟ್ಟಿನ ನಡುವೆ ಅಡ್ಡಕ್ಕೊಂದು ಆಂಗಲ್ ಕೊಟ್ಟು ಬಿಚ್ಚಿ ಕೆಳಗಿಳಿಸಿ, ಮೇಜಿನ ಮೇಲೆ ಸ್ವಲ್ಪ ಸ್ವಲ್ಪವೇ, ಆ ಕಡೆ ಒಂದಿಷ್ಟು ಈ ಕಡೆ ಒಂದಿಷ್ಟು ವೆಲ್ಡ್ ಮಾಡಬೇಕು. ಅಡ್ಡ ಆಂಗಲ್ ಇಲ್ಲದಿದ್ರೆ ಬಿಸಿಗೆ ಬ್ರಾಕೆಟ್ಟುಗಳು ಒಳಗೆ ಎಳೆದುಕೊಂಡು, ವಾಪಸ್ ಕೂರಿಸುವಾಗ ತೂತು ಹೊಂದೋಲ್ಲ. ಆಗ ಗ್ಯಾಸ್ ಕಟರಿನಲ್ಲಿ ತೂತು ದೊಡ್ಡ ಮಾಡೋಣ ಅಂದ್ರೆ ಒಪ್ಪಬೇಡಿ.

ತುಕ್ಕಿನ ಮಾತಿಗೆ ಬಂದ್ರೆ ಶಿರಸಿಯವರಿಗಿಂತ ಕಾರವಾರ, ಅಂಕೋಲಾದವರಿಗೆ ಕಷ್ಟ ಜಾಸ್ತಿ. ಉಪ್ಪು ಗಾಳಿ ಮೊದಲು ಹಿಡಿಯೋದು ಎರಡು ಪ್ಲೇಟು ಒಂದರ ಮೇಲೊಂದು ಕೂತ ಸಂದಿಯನ್ನ. ಅಲ್ಲಿ ಬಿಟ್ಟು ಬಿಟ್ಟು ವೆಲ್ಡ್ ಹಾಕದೆ ಸುತ್ತಲೂ ಪೂರ್ತಿ ಹಾಕಿಸಿ. ಪೈಪು ಬಳಸಿದ್ರೆ ಪೂರ್ತಿ ಮುಚ್ಚಿ, ಇಲ್ಲಾ ಕೆಳಗೆ ನೀರು ಇಳಿಯೋ ತೂತು ಕೊಡಿ. ಅರೆಬರೆ ಮುಚ್ಚಿದ ಪೈಪು ಒಳಗಿಂದ ಕೊಳೆತು ಬರುತ್ತದೆ. ಹೊಸ ಶೀಟಿನ ಮೇಲಿರುವ ನೀಲಿಗಪ್ಪು ಪದರವನ್ನ ಗ್ರೈಂಡರಿನಲ್ಲಿ ತೆಗೆಸಿಯೇ ಪ್ರೈಮರ್ ಹೊಡೆಸಬೇಕು, ಅದು ಎದ್ದುಬಂದ್ರೆ ಬಣ್ಣವೂ ಜೊತೆಗೇ ಬರುತ್ತದೆ. ಕರಾವಳಿಗೆ ಜಿಂಕ್ ಪ್ರೈಮರ್, ಅದರ ಮೇಲೆ ಎಪಾಕ್ಸಿ, ಆಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ಪೌಡರ್ ಕೋಟಿಂಗ್ ನೋಡೋಕೆ ಚಂದ, ಆದ್ರೆ ಚಿರೆಕಲ್ಲಿನ ಜಲ್ಲಿ ಬಡಿದು ಒಂದು ಚೂರು ಎದ್ದರೆ ತುಕ್ಕು ಅದರ ಅಡಿಯಲ್ಲೇ ಹರಡುತ್ತಾ ಹೋಗುತ್ತದೆ, ಹೊರಗೆ ಗೊತ್ತೇ ಆಗೋಲ್ಲ. ಬಣ್ಣವಾದ್ರೆ ನೀವೇ ಬ್ರಶ್ಶಿನಲ್ಲಿ ತೇಪೆ ಹಾಕಬಹುದು. ಮಳೆಗಾಲಕ್ಕೆ ಮೊದಲು ಹಳೇ ಎಂಜಿನ್ ಆಯಿಲ್ ಹೊಡೆಸೋದು ಮಾತ್ರ ಬೇಡ, ರಬ್ಬರ್ ಬುಶ್ ಉಬ್ಬುತ್ತದೆ, ಉಳಿದದ್ದು ತೊಳೆದು ನಿಮ್ಮ ತೋಟದ ನೀರು ಹರಿಯೋ ಕಾದಿಗೆಗೇ ಹೋಗುತ್ತದೆ.

ಕೂರಿಸಿದ ಮೇಲೆ ಪ್ರತಿ ನಟ್ಟಿನಿಂದ ಪ್ಲೇಟಿಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಮೊದಲ ಸಲ ಟ್ರ್ಯಾಕ್ಟರ್ ಎಳೆದ ಮೇಲೆ ಬಗ್ಗಿ ನೋಡಿ. ಗೆರೆ ಮುರಿದಿದ್ರೆ ನಟ್ಟು ತಿರುಗಿದೆ ಅಂತ, ಬಿಗಿ ಮಾಡಿ. ಗೆರೆ ಹಾಗೇ ಇದ್ದು ಬೋಲ್ಟಿನ ಸುತ್ತ ಬಣ್ಣ ಬಿರಿದಿದ್ರೆ ಚಾಸಿಯೇ ಬಗ್ಗುತ್ತಿದೆ. ಆಗ ವಿಂಚಿನ ಯೋಚನೆ ಪಕ್ಕಕ್ಕಿಟ್ಟು, ಮೊದಲು ಚಾಸಿಗೆ ಪಟ್ಟಿ ಕೊಡಿಸಿ.